ಬಲಿಪೀಠದ ಪೆಲಿಕನ್, ಹುಣಸೆಮರದ ಹೆಜ್ಜಾರ್ಲೆ
ಕ್ರೈಸ್ತ ಕಲೆಯಲ್ಲಿ ಒಂದು ಕಾಡುಹಕ್ಕಿಯ ಚರಿತ್ರೆ

ತನ್ನ ಎದೆಯನ್ನು ಕೊಕ್ಕಿನಿಂದ ಇರಿದುಕೊಂಡು, ಒಸರುವ ರಕ್ತವನ್ನು ಮರಿಗಳಿಗೆ ಉಣಿಸುವ ತಾಯಿಹಕ್ಕಿಯ ಚಿತ್ರವನ್ನು ನಮ್ಮಲ್ಲಿ ಬಹುಮಂದಿ ಬಲ್ಲೆವು. ಬಲಿಪೀಠದ ಮುಖಫಲಕದಲ್ಲಿ, ಪರಮಪ್ರಸಾದದ ಪೆಟ್ಟಿಗೆಯ ಬಾಗಿಲಿನಲ್ಲಿ, ಪೂಜಾವಸ್ತ್ರಗಳ ಕಸೂತಿಯಲ್ಲಿ, ಹಳೆಯ ದೇವಾಲಯಗಳ ಬಣ್ಣದ ಗಾಜಿನಲ್ಲಿ ಅದು ಕಾಣಸಿಗುತ್ತದೆ. ಅದು ಪೆಲಿಕನ್ ಎಂಬ ಹಕ್ಕಿಯೆಂದೂ ಕ್ರಿಸ್ತನ ಆತ್ಮಬಲಿಯ ಗುರುತೆಂದೂ ನಾವು ಕಲಿತಿದ್ದೇವೆ. ಆದರೆ ಆ ಕೆತ್ತನೆಯ ಬಳಿ ಸಾರಿ ನೋಡಿದರೆ ಅಲ್ಲಿರುವುದು ಹದ್ದಿನಂತೆ ಬಾಗಿದ ಕೊಕ್ಕು, ಹಂಸದಂತೆ ಬಳುಕಿದ ಕೊರಳು. ಪೆಲಿಕನ್ ಹಕ್ಕಿಯ ನಿಜವಾದ ಗುರುತುಗಳಾದ ನೀಳವಾದ ಚಪ್ಪಟೆ ಕೊಕ್ಕಾಗಲಿ, ಅದರ ಕೆಳಗೆ ಜೋಲುವ ಚರ್ಮದ ಚೀಲವಾಗಲಿ ಬಹುತೇಕ ಕೆತ್ತನೆಗಳಲ್ಲಿಲ್ಲ. ಕೆತ್ತಿದವರಲ್ಲಿ ಹೆಚ್ಚಿನವರು ಆ ಹಕ್ಕಿಯನ್ನು ಕಂಡವರಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಸಾವಿರ ವರ್ಷಗಳಿಗೂ ಮಿಗಿಲಾಗಿ ಒಂದು ಜೀವಿಯ ಚಿತ್ರದ ಮುಂದೆ ಮೊಣಕಾಲೂರಿದ ಸಭೆಯು ಆ ಜೀವಿಯನ್ನು ನೋಡಲು ಯಾವಾಗ ಕಲಿಯಿತು ಎಂಬುದೇ ಈ ಲೇಖನದಲ್ಲಿ ನಾವು ಎತ್ತಿಕೊಳ್ಳುವ ಪ್ರಶ್ನೆ.

ವೇದದ ಪದ, ಅಲೆಕ್ಸಾಂಡ್ರಿಯದ ಕಥೆ

ಈ ಚರಿತ್ರೆಯ ಮೂಲ 102ನೆಯ ಕೀರ್ತನೆಯಲ್ಲಿದೆ. ಸಂಕಟದಲ್ಲಿ ಬಳಲಿದ ಭಕ್ತನು ತನ್ನನ್ನು ಅರಣ್ಯದ ಒಂಟಿ ಹಕ್ಕಿಗೆ ಹೋಲಿಸಿಕೊಳ್ಳುತ್ತಾನೆ. ಅಲ್ಲಿ ಬರುವ ಹೀಬ್ರೂ ಪದ 'ಕಾಅತ್'. ಅದು ಯಾವ ಹಕ್ಕಿಯೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಗೂಬೆಯ ಒಂದು ಜಾತಿಯಿರಬಹುದೆಂದು ಹೇಳುವವರೂ ಉಂಟು. ಗ್ರೀಕ್ ಭಾಷಾಂತರಕಾರರು ಕೀರ್ತನೆಯಲ್ಲಿ ಅದನ್ನು ಪೆಲಿಕನ್ ಎಂದು ಅನುವಾದಿಸಿದರು. ಸಭೆಯ ಕಿವಿಗೆ ಬಿದ್ದದ್ದು ಆ ಹೆಸರೇ. ಇದೇ ಹೀಬ್ರೂ ಪದ ಯಾಜಕಕಾಂಡದ 11ನೆಯ ಅಧ್ಯಾಯದಲ್ಲಿ ಅಶುದ್ಧ ಪಕ್ಷಿಗಳ ಪಟ್ಟಿಯಲ್ಲಿಯೂ ಬರುತ್ತದೆ. ತಿನ್ನಬಾರದ ಹಕ್ಕಿಯೊಂದರ ಹೆಸರು ಮುಂದೆ ಕರ್ತನ ಭೋಜನದ ಗುರುತಾಗಿ ಬೆಳೆದದ್ದು ನಾವು ಮರೆಯಲಾಗದ ಸಂಗತಿ.

ಕೀರ್ತನೆಯಲ್ಲಿ ರಕ್ತದ ಮಾತಿಲ್ಲ. ಅದು ಬಂದದ್ದು 'ಫಿಸಿಯೋಲೋಗಸ್' ಎಂಬ ಗ್ರೀಕ್ ಕಿರುಗ್ರಂಥದ ಮೂಲಕ. ಕ್ರಿಸ್ತಶಕದ ಎರಡನೆಯ ಮತ್ತು ನಾಲ್ಕನೆಯ ಶತಮಾನಗಳ ನಡುವೆ, ಬಹುಶಃ ಅಲೆಕ್ಸಾಂಡ್ರಿಯದಲ್ಲಿ, ಹೆಸರು ತಿಳಿಯದ ಕ್ರೈಸ್ತನೊಬ್ಬನು ಅದನ್ನು ರಚಿಸಿದನು. ಪ್ರಾಣಿ, ಪಕ್ಷಿ, ಕಲ್ಲು, ಮರಗಳ ಸ್ವಭಾವವನ್ನು ಹೇಳಿ ಪ್ರತಿಯೊಂದಕ್ಕೂ ಆತ್ಮಿಕಾರ್ಥವನ್ನು ಜೋಡಿಸುವುದು ಅದರ ಕ್ರಮ. ಅದರಲ್ಲಿನ ಪೆಲಿಕನ್ ಕಥೆ ನಾವು ಇಂದು ಹೇಳುವ ಕಥೆಗಿಂತ ಕಠೋರವಾದುದು. ಮರಿಗಳು ಬೆಳೆದು ಹೆತ್ತವರ ಮುಖಕ್ಕೆ ಹೊಡೆಯುತ್ತವೆ, ಹೆತ್ತವರು ಸಿಟ್ಟಿನಿಂದ ತಿರುಗಿ ಹೊಡೆದು ಅವುಗಳನ್ನು ಕೊಲ್ಲುತ್ತಾರೆ, ಬಳಿಕ ದುಃಖಿಸುತ್ತಾರೆ, ಮೂರನೆಯ ದಿನ ತಾಯಿಯು ತನ್ನ ಪಕ್ಕೆಯನ್ನು ಸೀಳಿ ರಕ್ತವನ್ನು ಸುರಿಸಿ ಸತ್ತ ಮರಿಗಳನ್ನು ಬದುಕಿಸುತ್ತದೆ. ಮನುಷ್ಯನ ದಂಗೆ, ಅದರ ಫಲವಾದ ಮರಣ, ಶಿಲುಬೆಯಲ್ಲಿ ತಿವಿಯಲ್ಪಟ್ಟ ಪಕ್ಕೆ, ಮೂರನೆಯ ದಿನದ ಜೀವ ಎಲ್ಲವೂ ಒಂದೇ ಗೂಡಿನಲ್ಲಿ ಅಡಕವಾದವು. ಕಾಲಕ್ರಮದಲ್ಲಿ ಕಲೆಯು ದಂಗೆಯನ್ನೂ ಕೋಪವನ್ನೂ ಬಿಟ್ಟು ಎದೆಯ ರಕ್ತವನ್ನಷ್ಟೇ ಉಳಿಸಿಕೊಂಡಿತು. ನ್ಯಾಯತೀರ್ಪಿಲ್ಲದ ಕರುಣೆಯ ಚಿತ್ರ ನೋಡುವವರಿಗೆ ಹೆಚ್ಚು ಹಿತವಾಗಿತ್ತು.

ಗ್ರಂಥವು ಲ್ಯಾಟಿನ್, ಸಿರಿಯಾಕ್, ಅರ್ಮೇನಿಯನ್, ಇಥಿಯೋಪಿಕ್ ಭಾಷೆಗಳಿಗೆ ಹರಡಿತು. ಆದರೂ ಸಭಾಪಿತೃಗಳು ಕಥೆಯನ್ನು ಕಣ್ಣುಮುಚ್ಚಿ ನಂಬಲಿಲ್ಲ. ಹಿಪ್ಪೋದ ಆಗಸ್ಟೀನರು ಈ ಕೀರ್ತನೆಯನ್ನು ವಿವರಿಸುವಾಗ, ಕಥೆ ನಿಜವಿರಬಹುದು, ಸುಳ್ಳಿರಬಹುದು, ನಿಜವಾದರೆ ಅದು ಕ್ರಿಸ್ತನಿಗೆ ಹೇಗೆ ಒಪ್ಪುತ್ತದೆಂದು ನೋಡಿರಿ ಎಂಬ ಎಚ್ಚರದಿಂದ ಮಾತಾಡಿದರು. ಏಳನೆಯ ಶತಮಾನದಲ್ಲಿ ಸೆವಿಲ್ಲಿನ ಇಸಿದೋರರು ತಮ್ಮ ಕೋಶದಲ್ಲಿ ಇದನ್ನು ದಾಖಲಿಸುವಾಗಲೂ 'ನಿಜವಾದರೆ' ಎಂಬ ಷರತ್ತನ್ನು ಸೇರಿಸಿದರು. ಈ ಷರತ್ತು ಚಿತ್ರಕಾರನ ಕುಂಚಕ್ಕೆ ದಾಟಲಿಲ್ಲ. ಚಿತ್ರದಲ್ಲಿ 'ಬಹುಶಃ' ಎಂಬುದನ್ನು ಬರೆಯಲು ಸ್ಥಳವಿಲ್ಲ. ಸುಮಾರು 1200ರಲ್ಲಿ ಇಂಗ್ಲೆಂಡಿನಲ್ಲಿ ಸಿದ್ಧವಾದ ಅಬರ್ಡೀನ್ ಹಸ್ತಪ್ರತಿಯಂತಹ ಪ್ರಾಣಿಗ್ರಂಥಗಳಲ್ಲಿ ಪೆಲಿಕನ್ ಚಿನ್ನದ ಹಿನ್ನೆಲೆಯಲ್ಲಿ ಮಿರುಗತೊಡಗಿತು.

ಗುರು ಮತ್ತು ಶಿಷ್ಯ

ಹದಿಮೂರನೆಯ ಶತಮಾನದಲ್ಲಿ ಡೊಮಿನಿಕನ್ ಮಠವೊಂದರ ಇಬ್ಬರು ಈ ಹಕ್ಕಿಯನ್ನು ಎರಡು ಬಗೆಯಲ್ಲಿ ಕಂಡರು. ಗುರು ಮಹಾ ಆಲ್ಬರ್ಟರು ಪ್ರಾಣಿಗಳನ್ನು ಕುರಿತ ಬೃಹದ್‌ಗ್ರಂಥವನ್ನು ಬರೆದವರು. ಸಮುದ್ರದ ಮರದಿಂದ ಬಾತುಗಳು ಹುಟ್ಟುತ್ತವೆಂಬ ಅಂದಿನ ನಂಬಿಕೆಯನ್ನು ಅವರು, ಆ ಹಕ್ಕಿಗಳು ಕೂಡುವುದನ್ನೂ ಮೊಟ್ಟೆಯಿಡುವುದನ್ನೂ ತಾವೇ ಕಂಡಿರುವುದಾಗಿ ಹೇಳಿ ತಳ್ಳಿಹಾಕಿದರು. ಪೆಲಿಕನ್‌ನ ರಕ್ತದ ಕಥೆಯೂ ಓದಿಗೆ ಸಿಗುವಂತಹುದೇ ಹೊರತು ಅನುಭವದಿಂದ ಸಿದ್ಧವಾದುದಲ್ಲವೆಂಬುದು ಅವರ ನಿಲುವು. ಶಿಷ್ಯರು ಥಾಮಸ್ ಅಕ್ವೈನಾಸ್. ಅವರದೆಂದು ಪರಂಪರೆ ಹೇಳುವ ಪರಮಪ್ರಸಾದದ ಪ್ರಸಿದ್ಧ ಲ್ಯಾಟಿನ್ ಗೀತೆಯಲ್ಲಿ ಯೇಸುವನ್ನು ಪೆಲಿಕನ್ ಎಂದೇ ಸಂಬೋಧಿಸಲಾಗಿದೆ. ಮುಂದೆ ಕವಿ ದಾಂತೆಯೂ ತನ್ನ ಮಹಾಕಾವ್ಯದ ಸ್ವರ್ಗಖಂಡದಲ್ಲಿ ಇದೇ ಸಂಬೋಧನೆಯನ್ನು ಬಳಸಿದನು.

ಗುರುವು ಕಥೆಯನ್ನು ಶಂಕಿಸಿದರು. ಶಿಷ್ಯನ ಹೆಸರಿನ ಗೀತೆಯು ಅದನ್ನು ಹಾಡಿತು. ಇದರಲ್ಲಿ ವಿರೋಧವನ್ನು ಕಾಣಬೇಕಾದ ಅಗತ್ಯವಿಲ್ಲ. ಹಕ್ಕಿಯ ಸ್ವಭಾವವೇನೆಂದು ಕೇಳುವ ಪ್ರಶ್ನೆ ಒಂದು. ಕ್ರಿಸ್ತನ ಪ್ರೀತಿಯನ್ನು ಯಾವ ಮಾತಿನಿಂದ ಹೇಳಬಹುದೆಂಬ ಪ್ರಶ್ನೆ ಇನ್ನೊಂದು. ಆದರೆ ಚರಿತ್ರೆಯಲ್ಲಿ ನಡೆದದ್ದೇನೆಂದರೆ, ಸಭೆಯು ಶಿಷ್ಯನ ಗೀತೆಯನ್ನು ಬಾಯಿಪಾಠ ಮಾಡಿ ಗುರುವಿನ ಕಣ್ಣನ್ನು ಮರೆಯಿತು. ಆಲ್ಬರ್ಟರನ್ನು ನಿಸರ್ಗವಿಜ್ಞಾನಿಗಳ ಪೋಷಕ ಸಂತರೆಂದು ಪೋಪ್ ಹನ್ನೆರಡನೆಯ ಪಿಯೂಸರು ಸಾರಿದ್ದು 1941ರಲ್ಲಿ, ಅಂದರೆ ಸುಮಾರು ಏಳು ಶತಮಾನಗಳ ನಂತರ.

ಅರಮನೆಗೆ ಹಾರಿದ ಗುರುತು

ನೋಡದೆ ಎತ್ತಿಕೊಂಡ ಗುರುತನ್ನು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ವಿಂಚೆಸ್ಟರಿನ ಬಿಷಪ್ ರಿಚರ್ಡ್ ಫಾಕ್ಸ್ 1517ರಲ್ಲಿ ಆಕ್ಸ್‌ಫರ್ಡಿನಲ್ಲಿ ಸ್ಥಾಪಿಸಿದ ಕಾರ್ಪಸ್ ಕ್ರಿಸ್ಟಿ ಕಾಲೇಜಿಗೆ ಪೆಲಿಕನ್ ಲಾಂಛನವಾದದ್ದು ಸಹಜವೇ. ಕಾಲೇಜಿನ ಹೆಸರೇ ಕ್ರಿಸ್ತನ ದೇಹ. ಆದರೆ ಸುಮಾರು 1575ರಲ್ಲಿ ನಿಕೊಲಾಸ್ ಹಿಲಿಯರ್ಡ್ ರಚಿಸಿದನೆಂದು ಹೇಳಲಾಗುವ ಚಿತ್ರವೊಂದರಲ್ಲಿ ರಾಣಿ ಒಂದನೆಯ ಎಲಿಜಬೆತಳ ಎದೆಯ ಮೇಲೆ ಪೆಲಿಕನ್ ಆಭರಣವಿದೆ. ಪ್ರಜೆಗಳಿಗಾಗಿ ತನ್ನನ್ನು ಸವೆಸುವ ತಾಯಿ ತಾನೆಂಬುದು ಅದರ ತಾತ್ಪರ್ಯ. ಶಿಲುಬೆಯ ಗುರುತು ಹೀಗೆ ಸಿಂಹಾಸನದ ಅಲಂಕಾರವಾಯಿತು.

ಚಿತ್ರವನ್ನೂ ಹಕ್ಕಿಯನ್ನೂ ಎದುರುಬದುರಾಗಿಟ್ಟು ಪರೀಕ್ಷಿಸಿದವರಲ್ಲಿ ಭಕ್ತ ವೈದ್ಯ ಸರ್ ಥಾಮಸ್ ಬ್ರೌನ್ ಮುಖ್ಯನು. ಜನರ ತಪ್ಪುತಿಳಿವಳಿಕೆಗಳನ್ನು ಕುರಿತು ಅವನು 1646ರಲ್ಲಿ ಪ್ರಕಟಿಸಿದ ಗ್ರಂಥದ ಐದನೆಯ ಭಾಗವು ಚಿತ್ರಗಳ ತಪ್ಪುಗಳನ್ನು ವಿಚಾರಿಸುತ್ತದೆ. ಅದರ ಮೊದಲ ಅಧ್ಯಾಯವೇ ಪೆಲಿಕನ್ ಚಿತ್ರ. ಹಂಸದಷ್ಟು ದೊಡ್ಡದಾದ ಹಕ್ಕಿಯನ್ನು ಕೋಳಿಯಷ್ಟು ಚಿಕ್ಕದಾಗಿ ಬರೆಯುತ್ತಾರೆ, ನೀಳ ಕೊಕ್ಕನ್ನು ಮೊಟಕುಗೊಳಿಸುತ್ತಾರೆ, ಬೆರಳುಗಳ ನಡುವಿನ ಜಾಲಪೊರೆಯನ್ನು ಬಿಡುತ್ತಾರೆ, ಕೊಕ್ಕಿನ ಚೀಲವನ್ನಂತೂ ತೋರಿಸುವುದೇ ಇಲ್ಲ ಎಂದು ಅವನು ಒಂದೊಂದಾಗಿ ಎಣಿಸಿದನು. ದೇವರ ಕೈಕೆಲಸವನ್ನು ದೇವರು ಮಾಡಿದಂತೆಯೇ ತೋರಿಸಬೇಕೆಂಬುದನ್ನು ನಾವು ಈ ಪರೀಕ್ಷೆಯಿಂದ ಕಲಿಯಬಹುದು.

ಕ್ಯಾಮೆರಾದ ಕಣ್ಣು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಛಾಯಾಗ್ರಹಣವು ಕಾಡುಜೀವಿಗಳ ಬಳಿಗೆ ಬಂದಿತು. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸಹೋದರರು ಹಕ್ಕಿಗೂಡುಗಳನ್ನು ಕುರಿತು 1895ರಲ್ಲಿ ಪ್ರಕಟಿಸಿದ ಪುಸ್ತಕ, ಪ್ರಕೃತಿಯಲ್ಲೇ ತೆಗೆದ ಛಾಯಾಚಿತ್ರಗಳಿಂದ ಉದ್ದಕ್ಕೂ ಸಚಿತ್ರವಾದ ಮೊದಲ ಪುಸ್ತಕಗಳಲ್ಲೊಂದು. ಹಕ್ಕಿಗಳು ಬೆದರದಂತೆ ಅವರು ಟೊಳ್ಳಾದ ಎತ್ತಿನ ಬೊಂಬೆಯೊಳಗೆ ಅವಿತು ಕುಳಿತು ಚಿತ್ರ ತೆಗೆದರು. ನೋಡಬೇಕೆಂಬವನು ಮೊದಲು ತನ್ನನ್ನು ಮರೆಮಾಡಿಕೊಳ್ಳಬೇಕಾಯಿತು.

ಅಮೆರಿಕದ ಪಕ್ಷಿಶಾಸ್ತ್ರಜ್ಞ ಫ್ರಾಂಕ್ ಚಾಪ್‌ಮನ್ 1886ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಎರಡು ಬಾರಿ ಅಡ್ಡಾಡಿ ಸ್ತ್ರೀಯರ ಟೋಪಿಗಳನ್ನು ಎಣಿಸಿದನು. 700 ಟೋಪಿಗಳಲ್ಲಿ 542 ಟೋಪಿಗಳ ಮೇಲೆ ಹಕ್ಕಿಗರಿಗಳಿದ್ದವು. ಅವನು ಗುರುತಿಸಿದ ಜಾತಿಗಳೇ 40. ಮುಂದೆ ಅವನು ಫ್ಲಾರಿಡಾದ ಇಂಡಿಯನ್ ನದಿಯ ಪೆಲಿಕನ್ ದ್ವೀಪದಲ್ಲಿ ಕಂದುಬಣ್ಣದ ಪೆಲಿಕನ್‌ಗಳ ಗೂಡುಗಳನ್ನು ಅಧ್ಯಯನ ಮಾಡಿ, ಕ್ಯಾಮೆರಾ ಮೂಲಕ ಮಾಡಿದ ಪಕ್ಷಿವೀಕ್ಷಣೆಯನ್ನು ಕುರಿತ ತನ್ನ 1900ರ ಪುಸ್ತಕದಲ್ಲಿ ಅವುಗಳನ್ನು ಓದುಗರಿಗೆ ತೋರಿಸಿದನು. ಗರಿಗಾಗಿ ನಡೆಯುತ್ತಿದ್ದ ಬೇಟೆಯಿಂದ ಅವುಗಳನ್ನು ಉಳಿಸಬೇಕೆಂಬ ಪ್ರಯತ್ನದ ಫಲವಾಗಿ 1903ರ ಮಾರ್ಚ್ 14ರಂದು ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ದ್ವೀಪವನ್ನು ಪಕ್ಷಿಗಳಿಗಾಗಿ ಕಾದಿರಿಸಿದನು. ಆ ದೇಶದ ರಾಷ್ಟ್ರೀಯ ವನ್ಯಜೀವಿ ಆಶ್ರಯತಾಣಗಳ ಸರಣಿಯಲ್ಲಿ ಅದೇ ಮೊದಲನೆಯದು. ಕಾನೂನು ಬಂದರೂ ಕೈಗಳು ತಡೆಯಲಿಲ್ಲ: 1918ರಲ್ಲಿ 400ಕ್ಕೂ ಹೆಚ್ಚು ಮರಿಗಳು ಅಲ್ಲಿ ದೊಣ್ಣೆಯೇಟಿಗೆ ಸತ್ತುಬಿದ್ದಿದ್ದವು. ಮೀನುಗಾರರ ಮೀನನ್ನು ಅವು ಕಬಳಿಸುತ್ತವೆಂಬುದು ಆಗಿನ ಆರೋಪ. ಗೂಡಿನಲ್ಲಿ ಹರಿದ ನಿಜವಾದ ರಕ್ತ ಮನುಷ್ಯನು ಹರಿಸಿದ ರಕ್ತವಾಗಿತ್ತು.

ಛಾಯಾಚಿತ್ರವು ಕಥೆಯನ್ನು ತಿದ್ದಿತು. ಮರಿಗಳು ತಲೆಯನ್ನು ತಾಯಿಯ ಅಥವಾ ತಂದೆಯ ಬಾಯೊಳಗೆ ಆಳವಾಗಿ ತೂರಿಸಿ ಅರೆಜೀರ್ಣವಾದ ಮೀನನ್ನು ತಿನ್ನುತ್ತವೆ. ಹೆತ್ತ ಹಕ್ಕಿ ಕೊಕ್ಕನ್ನು ಎದೆಗೆ ಒತ್ತಿ ಬಾಗುತ್ತದೆ. ಉಂಡ ಮರಿ ಕೆಲವೊಮ್ಮೆ ಸೆಟೆದು ಒದ್ದಾಡಿ ಪ್ರಜ್ಞೆ ತಪ್ಪಿ ಬೀಳುತ್ತದೆ, ಮತ್ತೆ ಏಳುತ್ತದೆ. ದೂರದಿಂದ ಕಂಡ ಯಾರೋ ಒಬ್ಬರಿಗೆ ಇದು ಮರಣವೂ ಪುನರುತ್ಥಾನವೂ ಆಗಿ ತೋರಿದ್ದರೆ ಅಚ್ಚರಿಯಿಲ್ಲ. ಅಲ್ಲದೆ, ಎದೆ ಸೀಳುವ ತಾಯಿಯೊಬ್ಬಳೇ ಅಲ್ಲಿರುವುದಿಲ್ಲ. ಕಾವು ಕೊಡುವುದರಲ್ಲೂ ಉಣಿಸುವುದರಲ್ಲೂ ತಂದೆತಾಯಿ ಇಬ್ಬರೂ ಪಾಲುಗಾರರು.

ಕೊಕ್ಕರೆ ಬೆಳ್ಳೂರಿನ ಮರಗಳು

ಈ ಚರಿತ್ರೆ ನಮ್ಮ ಮನೆಬಾಗಿಲಿಗೂ ಬರುತ್ತದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಯ ಸಮೀಪದ ಕೊಕ್ಕರೆ ಬೆಳ್ಳೂರಿನಲ್ಲಿ, ಹೆಜ್ಜಾರ್ಲೆಗಳು ಮನೆಗಳ ನಡುವಿನ ಹುಣಸೆ, ಅರಳಿ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಹೆಜ್ಜಾರ್ಲೆ ಎಂದರೆ ಪೆಲಿಕನ್ನೇ. ಕೊಕ್ಕಿನ ಮೇಲೆ ಚುಕ್ಕೆಗಳುಳ್ಳ ಬೂದುಬಣ್ಣದ ಜಾತಿ. ಜೊತೆಗೆ ಬಣ್ಣದ ಕೊಕ್ಕರೆಗಳೂ ಅಲ್ಲಿ ಸಂಸಾರ ಹೂಡುತ್ತವೆ. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರಿನ ಹಕ್ಕಿಗಳನ್ನು ಹೊರಜಗತ್ತಿನ ಗಮನಕ್ಕೆ ತಂದರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳಂತೆ ಈ ಹಕ್ಕಿಗಳೆಂಬುದು ಊರಿನವರ ಮಾತು. ಆ ತವರು ಖರ್ಚಿಲ್ಲದ್ದಲ್ಲ. ಹಕ್ಕಿಗಳು ಕುಳಿತ ಹುಣಸೆಮರದ ಫಸಲು ಕೆಡುತ್ತದೆ. ಅದಕ್ಕಾಗಿ ಮರದ ಒಡೆಯರಿಗೆ ಪರಿಹಾರಧನದ ವ್ಯವಸ್ಥೆಯಾಯಿತು. ಅಂಗಳದಲ್ಲೆಲ್ಲ ಹಿಕ್ಕೆ, ಮೀನಿನ ವಾಸನೆ. ಆ ಹಿಕ್ಕೆಯನ್ನೇ ಕೂಡಿಸಿ ಹೊಲಕ್ಕೆ ಗೊಬ್ಬರ ಮಾಡಿಕೊಂಡವರೂ ಅವರೇ. ಊರಿನವರ 'ಹೆಜ್ಜಾರ್ಲೆ ಬಳಗ' ಗೂಡಿನಿಂದ ಜಾರಿಬಿದ್ದ ಮರಿಗಳನ್ನು ಎತ್ತಿ ಮೀನು ತಿನ್ನಿಸಿ ಸಾಕಿತು. 2017ರ ಕೊನೆಯಿಂದ ಕೆಲವು ತಿಂಗಳು ಜಂತುಹುಳುವಿನ ಬಾಧೆಯಿಂದ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಊರು ಅದನ್ನು ತನ್ನ ಮನೆಯ ಸಾವಿನಂತೆ ಕಂಡಿತು. ಇವರು ಫಿಸಿಯೋಲೋಗಸ್ ಓದಿದವರಲ್ಲ. ಆದರೂ ಮರಿಗಳಿಗಾಗಿ ತನ್ನದನ್ನು ಬಿಟ್ಟುಕೊಡುವುದೆಂದರೇನೆಂದು ಬಲ್ಲವರು.

ಈಗ ಅಲ್ಲಿಗೆ ಕ್ಯಾಮೆರಾಗಳೂ ಬರುತ್ತವೆ. ಗೂಡಿಗೆ ತೀರ ಹತ್ತಿರ ಹೋದರೆ ಹೆತ್ತ ಹಕ್ಕಿ ಬೆದರಿ ಹಾರುತ್ತದೆ. ಮೊಟ್ಟೆ ಬಿಸಿಲಿಗೆ ಬೇಯುತ್ತದೆ, ಕಾಗೆ ಹದ್ದುಗಳಿಗೆ ಮರಿ ತುತ್ತಾಗುತ್ತದೆ. ಆದಕಾರಣವೇ ಗೂಡಿನ ಚಿತ್ರಗಳನ್ನು ಒಪ್ಪದ ಛಾಯಾಚಿತ್ರ ಸ್ಪರ್ಧೆಗಳು ಇಂದು ಹಲವಿವೆ. ಮಧ್ಯಯುಗದ ಶಿಲ್ಪಿ ಹಕ್ಕಿಯನ್ನು ನೋಡದೆ ಅದರ ಅರ್ಥವನ್ನು ಎತ್ತಿಕೊಂಡನು. ಇಂದಿನ ಆತುರದ ಛಾಯಾಗ್ರಾಹಕನು ಹಕ್ಕಿಯ ಕ್ಷೇಮವನ್ನು ನೋಡದೆ ಅದರ ರೂಪವನ್ನು ಎತ್ತಿಕೊಳ್ಳುತ್ತಾನೆ. ಇಬ್ಬರಿಗೂ ಹಕ್ಕಿ ತಮಗಾಗಿಯೇ ಇರುವಂತೆ ತೋರುತ್ತದೆ.

ಸಮಾರೋಪ

ಯೋಬನ ಗ್ರಂಥದ ಕೊನೆಯ ಅಧ್ಯಾಯಗಳಲ್ಲಿ ದೇವರು ಯೋಬನಿಗೆ ಕಾಡುಜೀವಿಗಳನ್ನು ಒಂದೊಂದಾಗಿ ತೋರಿಸುತ್ತಾನೆ: ಸಿಂಹಿಣಿ, ಕಾಗೆ, ಕಾಡುಕತ್ತೆ, ಉಷ್ಟ್ರಪಕ್ಷಿ, ಗಿಡುಗ. ಅವುಗಳಲ್ಲಿ ಒಂದಕ್ಕೂ ಆತ್ಮಿಕಾರ್ಥವನ್ನು ಹೇಳುವುದಿಲ್ಲ. ಅವು ದೇವರಿಗೆ ಸೇರಿದವು, ಮನುಷ್ಯನ ಉಪಯೋಗದ ಆಚೆಗೂ ಅವುಗಳಿಗೆ ಬದುಕಿದೆ ಎಂಬುದೇ ಅಲ್ಲಿನ ಪಾಠ. ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಯೇಸು ಕಾಗೆಗಳ ಕಡೆಗೆ ಶಿಷ್ಯರ ಗಮನ ಸೆಳೆಯುವಾಗ ಬಳಕೆಯಾದ ಗ್ರೀಕ್ ಕ್ರಿಯಾಪದವು ಮನಸ್ಸಿಟ್ಟು ನೋಡಿ ತಿಳಿಯುವುದನ್ನು ಸೂಚಿಸುತ್ತದೆ. ಕಾಗೆಯೂ ಯಾಜಕಕಾಂಡದ ಅಶುದ್ಧ ಪಟ್ಟಿಯ ಹಕ್ಕಿಯೇ. ಕರ್ತನು ಅದನ್ನು ಮೊದಲು ನೋಡಿಸಿದನು, ಬಳಿಕ ಅದರಿಂದ ಕಲಿಸಿದನು.

ನಮ್ಮ ಬಲಿಪೀಠಗಳಿಂದ ಪೆಲಿಕನ್ನನ್ನು ಕಿತ್ತುಹಾಕಬೇಕೆಂದು ನಾವು ಹೇಳುತ್ತಿಲ್ಲ. ಆಗಸ್ಟೀನರ ಎಚ್ಚರದೊಡನೆ ಆ ಗುರುತು ಇನ್ನೂ ಸಭೆಯನ್ನು ಶಿಲುಬೆಯ ಕಡೆಗೆ ನಡೆಸಬಲ್ಲದು. ಆದರೆ ಅದರ ಕೆಳಗೆ ನಿಂತು ಬೋಧಿಸುವವರು ಆ ಹಕ್ಕಿಗೆ ಕನ್ನಡದಲ್ಲಿ ಹೆಸರಿದೆಯೆಂದು ತಿಳಿದಿರಬೇಕು. ಆದಿಕಾಂಡದಲ್ಲಿ ಆದಾಮನಿಗೆ ಒಪ್ಪಿಸಿದ ಮೊದಲ ಕೆಲಸಗಳಲ್ಲಿ ಜೀವಿಗಳನ್ನು ಎದುರುನಿಂತು ನೋಡಿ ಹೆಸರಿಡುವುದೂ ಒಂದು. ದೂರದ ದೇಶದ ಕಥೆಯೊಂದರ ಪಾತ್ರವಾಗಿ ನಾವು ಬೋಧಿಸುವ ಹಕ್ಕಿ ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್ ದೂರದ ಹಳ್ಳಿಯಲ್ಲಿ ಪ್ರತಿವರ್ಷ ಮರಿ ಮಾಡುತ್ತದೆ. ಸೆಮಿನರಿಯಲ್ಲಿ ಕ್ರೈಸ್ತ ಕಲೆಯ ಗುರುತುಗಳನ್ನು ಕಲಿಯುವವರು ಒಮ್ಮೆ ಅಲ್ಲಿಗೆ ಹೋಗಿ, ದೂರದಲ್ಲಿಯೇ ನಿಂತು, ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಬರುವುದು ಒಳ್ಳೆಯದು. ಮುಂದಿನ ಪವಿತ್ರ ಗುರುವಾರದ ಪ್ರಸಂಗಕ್ಕೆ ಅದು ತಕ್ಕ ಸಿದ್ಧತೆಯಾದೀತು.