ಕಡತ ಕಾಯುವ ಗಣಿತ

ನಮ್ಮ ನಾಡಿನ ವರ್ತಕರೂ ಶಾನುಭೋಗರೂ ಹಿಂದೆ ಲೆಕ್ಕ ಬರೆದಿಡುತ್ತಿದ್ದುದು ಕಡತದಲ್ಲಿ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವದು. ಬಳಪದಿಂದ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು. ಶೃಂಗೇರಿಯ ಮಠದಲ್ಲಿ ಅಂಥ ಕಡತಗಳು ಉಳಿದುಬಂದಿವೆ. ಹೆಸರು ಮಾತ್ರ ಕಚೇರಿಯ ಕಾಗದದ ಕಟ್ಟಿಗೂ, ಅಲ್ಲಿಂದ ಗಣಕಯಂತ್ರದ ಫೈಲಿಗೂ ಬಂದು ಸೇರಿದೆ.

ರೇಡಿಯೊ ಪೆಟ್ಟಿಗೆಗೆ ಸಿಕ್ಕಿಸಿ ಹಾಡು ಕೇಳುವ ಪೆನ್ ಡ್ರೈವಿನಲ್ಲಿಯೂ, ನಿಮ್ಮ ಕೈಯಲ್ಲಿರುವ ಮೊಬೈಲಿನಲ್ಲಿಯೂ ಒಂದು ಕಡತವುಂಟು. ಅದರ ಹೆಸರು ಫ್ಲ್ಯಾಷ್ ಮೆಮೊರಿ. ಅದರಲ್ಲಿ ಬರೆದದ್ದು ಕೆಡದಂತೆ ಕಾಯಲು ಎರಡು ವಿದ್ಯೆಗಳು ಬೇಕಾದವು. ಎರಡೂ ಬೇರೆ ಬೇರೆಯಾಗಿ ಹುಟ್ಟಿ ಬೆಳೆದುವು. ಒಂದೇ ಚಿಪ್ಪಿನ ಮೇಲೆ ಕೂಡಿದಾಗ ಒಂದರ ಕೆಲಸವನ್ನು ಇನ್ನೊಂದು ಕೆಡಿಸುವ ಹಾಗಾಯಿತು. ಅದು ಹೇಗೆ, ಆ ತೊಡಕು ಬಗೆಹರಿದ ಬಗೆ ಯಾವುದು ಎಂಬುದನ್ನು ಇಲ್ಲಿ ನೋಡೋಣ.

ಮೊದಲನೆಯದು ತಪ್ಪು ತಿದ್ದುವ ವಿದ್ಯೆ. 1947ರ ಮಾತು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿಗೆ ಅಲ್ಲಿನ ರಿಲೇ ಗಣಕಯಂತ್ರ ದೊರೆಯುತ್ತಿದ್ದುದು ವಾರಾಂತ್ಯದಲ್ಲಿ, ನೋಡಿಕೊಳ್ಳುವವರು ಯಾರೂ ಇಲ್ಲದಾಗ. ಯಂತ್ರಕ್ಕೆ ತಪ್ಪನ್ನು ಗುರುತಿಸಲು ಬರುತ್ತಿತ್ತು. ಗುರುತಿಸಿದೊಡನೆ ಆ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಮುಂದಿನದನ್ನು ಹಿಡಿಯುತ್ತಿತ್ತು. ಸೋಮವಾರ ಬಂದು ನೋಡಿದರೆ ತಮ್ಮ ಕೆಲಸ ಆಗಿರುತ್ತಿರಲಿಲ್ಲ. ತಪ್ಪಿದೆಯೆಂದು ಬಲ್ಲ ಯಂತ್ರ, ಅದು ಎಲ್ಲಿದೆಯೆಂದು ತಿಳಿದು ತಾನೇ ಏಕೆ ತಿದ್ದಬಾರದು ಎಂದು ಅವರು ಕೇಳಿಕೊಂಡರು. ಉತ್ತರ 1950ರಲ್ಲಿ ಅಚ್ಚಾಯಿತು.

ಅದರ ಹುರುಳನ್ನು ಅಂಗಡಿಯ ಲೆಕ್ಕದಿಂದಲೇ ತಿಳಿಯಬಹುದು. ಅಂಕಿಗಳನ್ನು ಚೌಕವಾಗಿ ಬರೆದು ಪ್ರತಿ ಅಡ್ಡಸಾಲಿಗೂ ಪ್ರತಿ ಉದ್ದಸಾಲಿಗೂ ಮೊತ್ತ ಹಾಕಿಟ್ಟಿರುವಿರೆನ್ನಿ. ಒಂದು ಅಂಕಿ ಕೆಟ್ಟರೆ ಒಂದು ಅಡ್ಡಸಾಲು ತಾಳೆಯಾಗದು, ಒಂದು ಉದ್ದಸಾಲೂ ತಾಳೆಯಾಗದು. ಅವೆರಡು ಕೂಡುವ ಮನೆಯಲ್ಲಿಯೇ ತಪ್ಪಿದೆ. ಗಣಕಯಂತ್ರದ ಬರಹವೆಲ್ಲ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ; ಇಂಥ ಒಂದೊಂದು ಅಂಕಿಯೂ ಒಂದು ಬಿಟ್. ತಪ್ಪಿನ ಜಾಗ ತಿಳಿದರೆ ತಿದ್ದುವುದು ಸುಲಭ: ಒಂದಿದ್ದರೆ ಸೊನ್ನೆ, ಸೊನ್ನೆಯಿದ್ದರೆ ಒಂದು. ಹ್ಯಾಮಿಂಗರು ನಾಲ್ಕು ಬಿಟ್ಟುಗಳಿಗೆ ಮೂರು ಕಾವಲು ಬಿಟ್ಟುಗಳನ್ನು ಸೇರಿಸಿ, ಏಳರಲ್ಲಿ ಯಾವುದೊಂದು ಕೆಟ್ಟರೂ ಸರಿಪಡಿಸಬಹುದೆಂದು ತೋರಿಸಿದರು.

ಒಂದಕ್ಕಿಂತ ಹೆಚ್ಚು ಬಿಟ್ಟುಗಳು ಕೆಟ್ಟರೆ? ಇಲ್ಲಿ ನಮ್ಮ ದೇಶದವರ ಹೆಸರು ಬರುತ್ತದೆ. 1901ರಲ್ಲಿ ಹೋಷಂಗಾಬಾದಿನಲ್ಲಿ ಹುಟ್ಟಿದ ರಾಜ್ ಚಂದ್ರ ಬೋಸರು, ಕಲ್ಕತ್ತೆಯಲ್ಲಿ ಮಹಲನೋಬಿಸರ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿ ದುಡಿದು, 1949ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಅವರೂ ಶಿಷ್ಯ ರಾಯ್‌ಚೌಧುರಿಯವರೂ 1960ರಲ್ಲಿ ಹಲವು ತಪ್ಪುಗಳನ್ನು ಒಮ್ಮೆಗೇ ತಿದ್ದುವ ಸಂಕೇತಗಳನ್ನು ಪ್ರಕಟಿಸಿದರು. ಫ್ರಾನ್ಸಿನ ಆಕೆಂಗೆಮ್ ಹಿಂದಿನ ವರ್ಷವೇ ಸ್ವತಂತ್ರವಾಗಿ ಅದನ್ನು ಕಂಡುಕೊಂಡಿದ್ದರು. ಮೂವರ ಹೆಸರಿನ ಮೊದಲಕ್ಷರಗಳಿಂದ ಅವಕ್ಕೆ ಬಿ.ಸಿ.ಎಚ್. ಸಂಕೇತಗಳೆಂಬ ಹೆಸರಾಯಿತು. ಮುಂದೆ ಫ್ಲ್ಯಾಷ್ ಚಿಪ್ಪುಗಳ ಕಾವಲಿಗೆ ಬಹಳವಾಗಿ ಬಳಕೆಗೆ ಬಂದುದು ಈ ಗಣಿತವೇ.

ಫ್ಲ್ಯಾಷನ್ನು ಲೋಕಕ್ಕೆ ತಿಳಿಸಿದವರು ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುಒಕ, 1984ರಲ್ಲಿ. ವಿದ್ಯುತ್ತು ನಿಂತರೂ ಇದರ ಬರಹ ಅಳಿಯದು. ಅತಿ ಸಣ್ಣ ಕೋಶಗಳಲ್ಲಿ ಎಲೆಕ್ಟ್ರಾನುಗಳನ್ನು ಕೂಡಿಹಾಕುವುದೇ ಇಲ್ಲಿ ಬರೆಯುವುದು. ಆದರೆ ಸ್ವಭಾವ ವಿಚಿತ್ರ. ಒರೆಸಿದಾಗ ಎಲ್ಲ ಬಿಟ್ಟುಗಳೂ ಒಂದು. ಬರೆಯುವಾಗ ಒಂದನ್ನು ಸೊನ್ನೆ ಮಾಡಬಹುದೇ ಹೊರತು ಸೊನ್ನೆಯನ್ನು ಒಂದು ಮಾಡಲಾಗದು. ಅದಕ್ಕೆ ಸಾವಿರಾರು ಬೈಟುಗಳ ಇಡೀ ಮಡಿಕೆಯನ್ನೇ ಒರೆಸಬೇಕು. ಒರೆಸಿದಷ್ಟೂ ಅದು ಸವೆಯುತ್ತದೆ. ಕಾಲ ಕಳೆದಂತೆ ಎಲೆಕ್ಟ್ರಾನುಗಳು ಸೋರಿ ಬಿಟ್ಟುಗಳು ತಾವಾಗಿ ಬದಲಾಗುವುದೂ ಉಂಟು. ಆದ್ದರಿಂದಲೇ ಕಾವಲು ಬಿಟ್ಟುಗಳು ಬೇಕಾದುದು. ಮೊದಮೊದಲ ಚಿಪ್ಪುಗಳಲ್ಲಿ 256 ಬೈಟುಗಳಿಗೆ, ಅಂದರೆ 2048 ಬಿಟ್ಟುಗಳಿಗೆ, 22 ಕಾವಲು ಬಿಟ್ಟುಗಳಿದ್ದರೆ ಒಂದು ತಪ್ಪನ್ನು ತಿದ್ದಬಹುದಾಗಿತ್ತು.

ಇನ್ನು ಎರಡನೆಯ ವಿದ್ಯೆ. ಯಾವ ಹೆಸರಿನ ಕಡತ ಎಲ್ಲಿದೆಯೆಂದು ಲೆಕ್ಕವಿಡುವ ಗುಮಾಸ್ತ ಬೇಕಷ್ಟೆ? ಈ ಏರ್ಪಾಡಿಗೆ ಕಡತ ವ್ಯವಸ್ಥೆ ಎನ್ನುತ್ತಾರೆ. ಸ್ವೀಡನ್ನಿನ ಆಕ್ಸಿಸ್ ಕಂಪನಿ 1999ರಲ್ಲಿ ಫ್ಲ್ಯಾಷಿಗೆಂದೇ ಜೆಫ್ಸ್ ಎಂಬುದನ್ನು ರಚಿಸಿತು. 2001ರಲ್ಲಿ ಡೇವಿಡ್ ವುಡ್‌ಹೌಸ್ ಮತ್ತು ಸಂಗಡಿಗರು ಅದನ್ನು ಹೊಸದಾಗಿ ಕಟ್ಟಿ ಜೆಫ್ಸ್-2 ಮಾಡಿದರು. ಇದರ ಕ್ರಮ ದಿನಚರಿಯಂತೆ. ಹಳೆಯದರ ಮೇಲೆ ಬರೆಯುವುದಿಲ್ಲ; ಹೊಸ ಬರಹವನ್ನು ಮುಂದಿನ ಖಾಲಿ ಜಾಗದಲ್ಲಿ ಕ್ರಮಸಂಖ್ಯೆ ಹಾಕಿ ಬರೆದು, ಅದು ಮುಗಿದ ಮೇಲೆ ಹಳೆಯ ಸಾಲನ್ನು ಹೊಡೆದುಹಾಕುತ್ತದೆ. ನಡುವೆ ಕರೆಂಟು ಹೋದರೂ ಹಳೆಯ ಬರಹ ಉಳಿದಿರುತ್ತದೆ. ಸಾಲನ್ನು ಹೊಡೆದುಹಾಕಲು ಅದರ ತಲೆಯಲ್ಲಿರುವ ಒಂದೇ ಒಂದು ಬಿಟ್ಟನ್ನು ಒಂದರಿಂದ ಸೊನ್ನೆ ಮಾಡಿದರೆ ಸಾಕು. ಫ್ಲ್ಯಾಷಿನ ಸ್ವಭಾವಕ್ಕೆ ಇದು ಹೊಂದುತ್ತಿತ್ತು.

ತೊಡಕು ಹುಟ್ಟಿದುದು ಇಲ್ಲಿಯೇ. ಕಾವಲು ಬಿಟ್ಟುಗಳುಳ್ಳ ಚಿಪ್ಪಿನ ಮೇಲೆ ಗುಮಾಸ್ತನು ಹೀಗೆ ಒಂದು ಬಿಟ್ಟನ್ನು ಹೊಡೆದನೆನ್ನಿ. ಕಾವಲು ಬಿಟ್ಟುಗಳು ಹಳೆಯ ಬರಹಕ್ಕೆ ಸೇರಿದುವು. ಅವನ್ನು ಹೊಸದಾಗಿ ಹಾಕೋಣವೆಂದರೆ ಕೆಲವು ಸೊನ್ನೆಗಳನ್ನು ಒಂದು ಮಾಡಬೇಕಾದೀತು, ಅದು ಆಗದು. ಮುಂದಿನ ಸಲ ಓದುವಾಗ ತಿದ್ದುವವನು ಬಂದು ನೋಡುತ್ತಾನೆ: ಒಂದು ಬಿಟ್ ತಾಳೆಯಾಗದು. ಸೋರಿ ಕೆಟ್ಟಿರಬೇಕೆಂದು ಅದನ್ನು ಮತ್ತೆ ಒಂದು ಮಾಡಿ ಒಪ್ಪಿಸುತ್ತಾನೆ. ಹೊಡೆದುಹಾಕಿದ ಸಾಲು ಎದ್ದು ಕುಳಿತಿತು! ಇಷ್ಟೇ ಅಲ್ಲ. ತಿದ್ದುವವನಿಗಿದ್ದ ಒಂದು ತಪ್ಪಿನ ಶಕ್ತಿ ಇಲ್ಲಿಯೇ ಖರ್ಚಾಯಿತು. ಪಕ್ಕದಲ್ಲಿ ನಿಜವಾಗಿಯೇ ಇನ್ನೊಂದು ಬಿಟ್ ಕೆಟ್ಟರೆ ಒಳ್ಳೆಯ ಬರಹವೂ ಹೋಯಿತು. ಇಬ್ಬರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ಕೆಟ್ಟುದು ಮಾತ್ರ ಕಡತ.

ಪರಿಹಾರವೇನೆಂದರೆ, ಗುಮಾಸ್ತನು ಹೊಡೆದುಹಾಕುವ ಅಭ್ಯಾಸವನ್ನೇ ಬಿಡಬೇಕಾಯಿತು. ಇಂಥ ಚಿಪ್ಪುಗಳಲ್ಲಿ ಬರೆದದ್ದನ್ನು ಮುಟ್ಟುವುದಿಲ್ಲ. ಒಂದೇ ಕಡತದ ಎರಡು ಬರಹಗಳು ಸಿಕ್ಕರೆ ದೊಡ್ಡ ಕ್ರಮಸಂಖ್ಯೆಯದೇ ಸಿಂಧು, ಸಣ್ಣದು ರದ್ದು. ಬರೆಯುವಾಗಲೂ ಚೂರು ಚೂರಾಗಿ ಬರೆಯದೆ, ಕಾವಲಿನ ಒಂದು ಘಟಕ ತುಂಬುವಷ್ಟನ್ನು ಕೂಡಿಸಿಟ್ಟು ಒಟ್ಟಿಗೆ ಬರೆಯುತ್ತಾರೆ.

ಆದರೂ ಒಂದು ಅಪಾಯ ಉಳಿದಿತ್ತು. ನೀವು ಒಂದು ಹಾಡನ್ನು ಅಳಿಸಿದಿರಿ. ವ್ಯವಸ್ಥೆಯು "ಈ ಹೆಸರಿನ ಕಡತ ಇನ್ನಿಲ್ಲ" ಎಂಬ ಹೊಸ ಸಾಲನ್ನು ಬರೆಯಿತು. ಕೆಲವು ದಿನಗಳ ಮೇಲೆ ಜಾಗ ಗುಡಿಸುವಾಗ, ಇಲ್ಲದ ಕಡತದ ಸೂಚನೆ ಏತಕ್ಕೆಂದು ಅದನ್ನೇ ಒರೆಸಿಬಿಟ್ಟರೆ? ಹಳೆಯ ಸಾಲು ಹೊಡೆಯದೆ ಇನ್ನೊಂದು ಮಡಿಕೆಯಲ್ಲಿ ಕುಳಿತಿದೆ. ಯಂತ್ರ ಮತ್ತೆ ಎದ್ದಾಗ ಆ ಸಾಲನ್ನು ಓದಿ ಸತ್ತ ಕಡತಕ್ಕೆ ಮರುಜನ್ಮ ಕೊಡುತ್ತದೆ. ಆದ್ದರಿಂದ ಹಳೆಯ ಸಾಲಿರುವ ಮಡಿಕೆ ನಿಜವಾಗಿ ಒರೆಸಿಹೋಗುವವರೆಗೆ ಆ ಸೂಚನೆಯನ್ನು ಬಿಸಾಡಕೂಡದೆಂಬ ನಿಯಮವನ್ನು ಜೆಫ್ಸ್-2ರಲ್ಲಿ ಸೇರಿಸಿದರು.

ಇದಕ್ಕೆ ಬೆಲೆಯೂ ತೆರಬೇಕಾಯಿತು. ಯಂತ್ರ ಎಚ್ಚರವಾದಾಗ ಯಾವುದು ಸಿಂಧು ಯಾವುದು ರದ್ದು ಎಂದು ಚಿಪ್ಪನ್ನೆಲ್ಲ ಹುಡುಕಬೇಕು. ಚಿಪ್ಪು ದೊಡ್ಡದಾದಷ್ಟೂ ತಡ. ನೋಕಿಯ ಕಂಪನಿಯ ಎಂಜಿನಿಯರುಗಳು ಹಂಗೇರಿಯ ಸೆಗೆಡ್ ವಿಶ್ವವಿದ್ಯಾನಿಲಯದವರೊಡನೆ ರಚಿಸಿ, 2008ರಲ್ಲಿ ಲಿನಕ್ಸಿಗೆ ಸೇರಿದ ಯು.ಬಿ.ಐ.ಎಫ್.ಎಸ್. ವ್ಯವಸ್ಥೆ ತನ್ನ ಸೂಚಿಯನ್ನು ಚಿಪ್ಪಿನಲ್ಲಿಯೇ ಬರೆದಿಟ್ಟು ಈ ತಡವನ್ನು ತಪ್ಪಿಸಿತು. ಅದರ ತಳಪಾಯದಲ್ಲಿರುವ ಏರ್ಪಾಡು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಒಂದು ತಪ್ಪನ್ನು ತಿದ್ದಿದೆನೆಂದು ವರದಿ ಬಂದೊಡನೆ, ಎರಡನೆಯದಕ್ಕೆ ಕಾಯದೆ ಆ ಬರಹವನ್ನು ಬೇರೊಂದು ಮಡಿಕೆಗೆ ಸಾಗಿಸುತ್ತದೆ. ಹೀಗೆ ಜಗಳವಾಡಿದ್ದ ತಿದ್ದುವವನೂ ಗುಮಾಸ್ತನೂ ಒಬ್ಬರಿಗೊಬ್ಬರು ಸುದ್ದಿ ಹೇಳುವ ನೆರೆಯವರಾದರು.

ತಿದ್ದುವವನಿಗೆ ತಿಳಿಯುವುದು ಮೊದಲು ಏನು ಬರೆದಿತ್ತು ಎಂಬುದಷ್ಟೆ; ಬರೆದವನು ಆಮೇಲೆ ಮನಸ್ಸು ಬದಲಾಯಿಸಿದನೆಂಬುದು ತಿಳಿಯದು. ಅದನ್ನು ತಿಳಿಸಬೇಕಾದರೆ ಹೊಸ ಸಾಲನ್ನೇ ಬರೆಯಬೇಕು. ಮಗಳ ಮದುವೆಯ ಚಿತ್ರಗಳೂ, ಅಗಲಿದ ಹಿರಿಯರ ಧ್ವನಿಯೂ ಇಂದು ಇಂಥ ಚಿಪ್ಪುಗಳಲ್ಲಿವೆ. ಬರೆಯುತ್ತಿರುವಾಗ ಪೆನ್ ಡ್ರೈವನ್ನು ಕೀಳಬೇಡಿ. ಬೆಲೆಯುಳ್ಳದ್ದರ ಇನ್ನೊಂದು ಪ್ರತಿಯನ್ನು ಬೇರೆಡೆ ಇಡಿರಿ. ಗಣಿತ ಎಷ್ಟು ಕಾವಲಿದ್ದರೂ ಮನೆಯವರ ಎಚ್ಚರವೂ ಇರಬೇಕಾದುದೇ.