ಪ್ರಯಾಣಿಕ ರೈಲು ಬೋಗಿಗಳ ಮಾದರಿ ರಚನೆಯಲ್ಲಿ ವಿವರ ಸಂಗ್ರಹಣೆ

ಪ್ರಯಾಣಿಕ ರೈಲು ಬೋಗಿಯ ಮಾದರಿ ಎಂದರೆ ನಿಜವಾದ ಬೋಗಿಯೊಂದನ್ನು ನಿಶ್ಚಿತ ಪ್ರಮಾಣದಲ್ಲಿ ಕಿರಿದುಗೊಳಿಸಿ ರಚಿಸಿದ ಪ್ರತಿಕೃತಿ. ಆಟಿಕೆಯ ರೈಲಿನಿಂದ ಇದನ್ನು ಬೇರ್ಪಡಿಸುವುದು ನಿಖರತೆ. ಕಿಟಕಿಗಳ ಸಂಖ್ಯೆ, ಬಣ್ಣ, ಗಾಲಿಗಳ ಅಂತರ, ಗೋಡೆಯ ಮೇಲಿನ ಬರಹ ಇವೆಲ್ಲವೂ ಒಂದು ನಿರ್ದಿಷ್ಟ ಕಾಲದ, ನಿರ್ದಿಷ್ಟ ಮಾರ್ಗದ ಬೋಗಿಗೆ ಹೊಂದಿಕೊಳ್ಳಬೇಕು. ಕನ್ನಡದ ಆಡುಮಾತಿನಲ್ಲಿ ಪ್ರಯಾಣಿಕರು ಕೂರುವ ಇಡೀ ಗಾಡಿಗೆ 'ಬೋಗಿ' ಎನ್ನುತ್ತಾರೆ; ರೈಲ್ವೆ ಎಂಜಿನಿಯರುಗಳ ಪರಿಭಾಷೆಯಲ್ಲಿ ಆ ಪದ ಅದರ ಕೆಳಗಿನ ಗಾಲಿಗಳ ಚೌಕಟ್ಟಿಗೆ ಮಾತ್ರ ಸಲ್ಲುತ್ತದೆ. ನಕ್ಷೆಗಳನ್ನು ಓದುವಾಗ ಈ ವ್ಯತ್ಯಾಸವನ್ನು ಮರೆಯಬಾರದು. ಈ ಲೇಖನದಲ್ಲಿ ಬೋಗಿ ಎಂಬುದನ್ನು ರೂಢಿಯ ಅರ್ಥದಲ್ಲಿಯೇ ಬಳಸಲಾಗಿದೆ.

ಕಾಲ ಮತ್ತು ಸ್ಥಳದ ನಿರ್ಣಯ

ಅಳತೆಗಳನ್ನು ಹುಡುಕುವ ಮೊದಲು ಯಾವ ಊರಿನ, ಯಾವ ವರ್ಷದ ರೈಲು ಎಂಬುದನ್ನು ನಿರ್ಧರಿಸಬೇಕು. ರಾಯಚೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳು ಇದಕ್ಕೆ ಉತ್ತಮ ನಿದರ್ಶನ. ರಾಯಚೂರು ನಗರಕ್ಕೆ 1871ರಲ್ಲಿಯೇ ಬ್ರಾಡ್‌ಗೇಜ್ ಮಾರ್ಗ ಬಂದಿತ್ತು. ಸಿಂಧನೂರಿಗೆ ಪ್ರಯಾಣಿಕ ರೈಲು ತಲುಪಿದ್ದು 2024ರ ಮಾರ್ಚ್‌ನಲ್ಲಿ, ಗಂಗಾವತಿ ಮತ್ತು ಕಾರಟಗಿಗಳ ಮೂಲಕ ಬಂದ ಹೊಸ ಮಾರ್ಗದಲ್ಲಿ. ಲಿಂಗಸುಗೂರು ಗದಗ–ವಾಡಿ ಮಾರ್ಗದ ಯೋಜನೆಗೆ ಸೇರಿದೆ; ಆ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೆ ರೈಲು ಸಂಚಾರ ಆರಂಭವಾಯಿತು. ಮಸ್ಕಿ ಈ ಎರಡೂ ಮಾರ್ಗಗಳ ನಡುವೆ ಉಳಿದಿದೆ.

ಹೀಗಿರುವಾಗ ಸಿಂಧನೂರು ನಿಲ್ದಾಣದ ಮಾದರಿಯಲ್ಲಿ ಕಡುಗೆಂಪು ಬಣ್ಣದ ಮೀಟರ್‌ಗೇಜ್ ಬೋಗಿಯನ್ನು ನಿಲ್ಲಿಸಿದರೆ, ಅದು ಎಷ್ಟೇ ಅಂದವಾಗಿದ್ದರೂ, ಇತಿಹಾಸಕ್ಕೆ ವಿರುದ್ಧ. ಅಂತಹ ಬೋಗಿಗೆ ತಕ್ಕ ಜಾಗ 1990ರ ದಶಕದ ಗೇಜ್ ಪರಿವರ್ತನೆಗೆ ಮುಂಚಿನ ಕೊಪ್ಪಳ ಅಥವಾ ಹೊಸಪೇಟೆ.

ಎರಡು ವಿನ್ಯಾಸಗಳು

ಇಂದಿನ ಬ್ರಾಡ್‌ಗೇಜ್ ಬೋಗಿಗಳಲ್ಲಿ ಮುಖ್ಯವಾಗಿ ಎರಡು ವಿನ್ಯಾಸಗಳಿವೆ. ಮೊದಲನೆಯದು ಐ.ಸಿ.ಎಫ್. ಮಾದರಿ. ಚೆನ್ನೈನ ಪೆರಂಬೂರಿನಲ್ಲಿ 1955ರ ಅಕ್ಟೋಬರ್ 2ರಂದು ಉದ್ಘಾಟನೆಗೊಂಡ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ ಇದನ್ನು ಸ್ವಿಟ್ಜರ್ಲೆಂಡಿನ ತಾಂತ್ರಿಕ ನೆರವಿನಿಂದ ರೂಪಿಸಿತು. ಬೆಂಗಳೂರಿನ ಬೆಮೆಲ್ ಸಂಸ್ಥೆಯೂ ಇಂತಹ ಬೋಗಿಗಳನ್ನು ತಯಾರಿಸಿದೆ. ಇದರ ಒಡಲಿನ ಉದ್ದ 21,337 ಮಿ.ಮೀ., ಅಗಲ 3,245 ಮಿ.ಮೀ. ಎರಡನೆಯದು ಜರ್ಮನಿಯ ಮೂಲದ ಎಲ್.ಎಚ್.ಬಿ.; ಇದರ ಒಡಲಿನ ಉದ್ದ 23,540 ಮಿ.ಮೀ., ಅಗಲ 3,240 ಮಿ.ಮೀ. ಒಂದೇ ಗಾಲಿಚೌಕಟ್ಟಿನ ಎರಡು ಅಚ್ಚುಗಳ ನಡುವಣ ಅಂತರ ಮೊದಲನೆಯದರಲ್ಲಿ 2,896 ಮಿ.ಮೀ. ಇದ್ದರೆ ಎರಡನೆಯದರಲ್ಲಿ 2,560 ಮಿ.ಮೀ. ಮಾತ್ರ.

ಅಳತೆಪಟ್ಟಿ ಇಲ್ಲದೆಯೂ ಇವನ್ನು ಗುರುತಿಸಬಹುದು. ಐ.ಸಿ.ಎಫ್. ಸ್ಲೀಪರ್ ಬೋಗಿಯಲ್ಲಿ 72 ಬರ್ತ್‌ಗಳು, ಎಲ್.ಎಚ್.ಬಿ.ಯಲ್ಲಿ 80, ಆ ಒಂದು ಹೆಚ್ಚಿನ ಅಂಕಣ ಕಿಟಕಿಗಳ ಸಾಲಿನಲ್ಲಿಯೇ ಕಾಣುತ್ತದೆ. ಹಳೆಯ ಬೋಗಿಯ ತುದಿಯಲ್ಲಿ ಎರಡು ದುಂಡನೆಯ ಬಫರ್‌ಗಳಿರುತ್ತವೆ, ಹೊಸದರಲ್ಲಿ ನಡುವೆ ಒಂದೇ ಕಪ್ಲರ್.

ಪ್ರಮಾಣ

ಜಗತ್ತಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ 1:87, ಅಂದರೆ ಎಚ್.ಓ. ಈ ಲೆಕ್ಕದಲ್ಲಿ ಐ.ಸಿ.ಎಫ್. ಒಡಲು ಸುಮಾರು 245 ಮಿ.ಮೀ., ಎಲ್.ಎಚ್.ಬಿ. ಒಡಲು ಸುಮಾರು 271 ಮಿ.ಮೀ. ಆಗುತ್ತದೆ. ತೊಡಕು ಇರುವುದು ಹಳಿಯಲ್ಲಿ. ಭಾರತದ ಬ್ರಾಡ್‌ಗೇಜ್ 1,676 ಮಿ.ಮೀ.; ಅದನ್ನು 87ರಿಂದ ಭಾಗಿಸಿದರೆ 19.3 ಮಿ.ಮೀ. ಬರುತ್ತದೆ. ಅಂಗಡಿಯಲ್ಲಿ ದೊರೆಯುವ ಎಚ್.ಓ. ಹಳಿಯ ಅಂತರ 16.5 ಮಿ.ಮೀ., ಏಕೆಂದರೆ ಅದು 1,435 ಮಿ.ಮೀ. ಗೇಜಿನ ದೇಶಗಳಿಗಾಗಿ ರೂಪುಗೊಂಡದ್ದು. ಹೆಚ್ಚಿನ ಹವ್ಯಾಸಿಗಳು ಈ ಕೊರತೆಯನ್ನು ಒಪ್ಪಿಕೊಂಡು ಒಡಲನ್ನು ಮಾತ್ರ ಸರಿಯಾದ ಅಳತೆಯಲ್ಲಿ ಮಾಡುತ್ತಾರೆ. ಹಳಿಗೆ ಹೊಂದಲೆಂದು ಒಡಲಿನ ಅಗಲವನ್ನೇ ಕುಗ್ಗಿಸುವುದಕ್ಕಿಂತ ಇದು ಮೇಲು.

ಬೋಗಿಯ ಮೈಮೇಲಿನ ಬರಹ

ಯಾವುದೇ ಗ್ರಂಥಾಲಯಕ್ಕಿಂತ ಮೊದಲು ಓದಬೇಕಾದ ದಾಖಲೆ ಬೋಗಿಯ ಗೋಡೆ. ಬೋಗಿಯ ಸಂಖ್ಯೆಯ ಮೊದಲ ಎರಡು ಅಂಕೆಗಳು ಸಾಮಾನ್ಯವಾಗಿ ತಯಾರಿಕೆಯ ವರ್ಷವನ್ನೂ, ಕೊನೆಯ ಮೂರು ಅಂಕೆಗಳು ಬಗೆಯನ್ನೂ ತಿಳಿಸುತ್ತವೆ: 201ರಿಂದ 400 ಸ್ಲೀಪರ್, 401ರಿಂದ 600 ಸಾಮಾನ್ಯ ದರ್ಜೆ. ಹೀಗಾಗಿ 05217 ಎಂದಿದ್ದರೆ ಅದು 2005ರಲ್ಲಿ ತಯಾರಾದ ಸ್ಲೀಪರ್ ಬೋಗಿ. ತುದಿಯ ಗೋಡೆಯಲ್ಲಿ ಕೊನೆಯ ನಿಯತಕಾಲಿಕ ದುರಸ್ತಿಯ ದಿನಾಂಕ ಹಾಗೂ ಅದನ್ನು ಕೈಗೊಂಡ ಕಾರ್ಯಾಗಾರದ ಗುರುತು ಇರುತ್ತದೆ. ಕರ್ನಾಟಕದಲ್ಲಿ ಹುಬ್ಬಳ್ಳಿ ಮತ್ತು ಮೈಸೂರಿನ ಕಾರ್ಯಾಗಾರಗಳು ಈ ಕೆಲಸ ಮಾಡುತ್ತವೆ. ವಲಯದ ಹೆಸರನ್ನು ಬರೆಯುವಾಗಲೂ ಎಚ್ಚರ ಬೇಕು: ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆ ಕಾರ್ಯಾರಂಭ ಮಾಡಿದ್ದು 2003ರ ಏಪ್ರಿಲ್ 1ರಂದು, ಅದಕ್ಕೂ ಹಿಂದಿನ ಮಾದರಿಯಲ್ಲಿ ಅದರ ಗುರುತು ಬರುವಂತಿಲ್ಲ.

ಛಾಯಾಚಿತ್ರದಿಂದ ಅಳತೆ

ನಕ್ಷೆ ಸಿಗದಿದ್ದಾಗ, ನೇರವಾಗಿ ಪಕ್ಕದಿಂದ ತೆಗೆದ ಚಿತ್ರ ನೆರವಾಗುತ್ತದೆ. ಚಿತ್ರದಲ್ಲಿ ಐ.ಸಿ.ಎಫ್. ಒಡಲು 213 ಮಿ.ಮೀ. ಇದ್ದರೆ, ಚಿತ್ರದ ಒಂದು ಮಿ.ಮೀ. ನಿಜದ ಸುಮಾರು 100 ಮಿ.ಮೀ.ಗೆ ಸಮ, ಅದರಿಂದ ಕಿಟಕಿ, ಬಾಗಿಲುಗಳ ಅಳತೆ ದೊರೆಯುತ್ತದೆ. ಓರೆಯಾಗಿ ತೆಗೆದ ಚಿತ್ರ ಈ ಲೆಕ್ಕಕ್ಕೆ ಬರುವುದಿಲ್ಲ. ಅಳತೆಗಾಗಿ ಹಳಿಗೆ ಇಳಿಯುವುದು 1989ರ ರೈಲ್ವೆ ಕಾಯ್ದೆಯಂತೆ ಅಪರಾಧ. ಪ್ಲಾಟ್‌ಫಾರ್ಮಿನ ಮೇಲಿಂದಲೇ ಬಹುಪಾಲು ವಿವರಗಳನ್ನು ಗುರುತಿಸಿಕೊಳ್ಳಬಹುದು. ಹಳೆಯ ಕಾಲದ ಬೋಗಿಗಳಿಗೆ 1979ರಲ್ಲಿ ಆರಂಭವಾದ ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ ಉಪಯುಕ್ತ.

ಮರೆಯಾಗುತ್ತಿರುವ ವಿವರಗಳು

ಪೆರಂಬೂರಿನ ಕಾರ್ಖಾನೆಯಿಂದ ಹಳೆಯ ವಿನ್ಯಾಸದ ಕೊನೆಯ ಬೋಗಿ ಹೊರಬಂದದ್ದು 2018ರ ಜನವರಿಯಲ್ಲಿ. ಇಂತಹ ಬೋಗಿಗಳ ನಿಗದಿತ ಆಯುಷ್ಯ 25 ವರ್ಷ. ಸೇವೆಯಿಂದ ತೆಗೆದ ಕೆಲವನ್ನು ಕಿಟಕಿಗಳನ್ನು ಮುಚ್ಚಿ ವಾಹನ ಸಾಗಣೆಗೆ ಪರಿವರ್ತಿಸಲಾಗುತ್ತದೆ. ಅವುಗಳಲ್ಲಿ ಆಸನ, ಬರ್ತ್‌ಗಳ ಕುರುಹೂ ಉಳಿಯುವುದಿಲ್ಲ. ಓಡುತ್ತಿರುವ ಬೋಗಿಗಳೂ ಬದಲಾಗಿವೆ. 2011ರಿಂದ ಜೈವಿಕ ಶೌಚಾಲಯಗಳು ಬರತೊಡಗಿದ ಮೇಲೆ ಬೋಗಿಯ ತಳದಲ್ಲಿ ಹೊಸ ತೊಟ್ಟಿಗಳು ಸೇರಿಕೊಂಡವು. ಆದುದರಿಂದ 1990ರ ದಶಕದ ಬೋಗಿಯನ್ನು ರಚಿಸುವವರು ಇಂದು ತೆಗೆದ ಚಿತ್ರದಿಂದ ಒಡಲಿನ ಅಳತೆಯನ್ನು ಪಡೆಯಬಹುದೇ ಹೊರತು ತಳದ ಜೋಡಣೆಯನ್ನಲ್ಲ.