ತೇಲುವ ನೊಣ, ಮುಳುಗುವ ರಾಗಿ: ಬಿಳಿಗಿರಿರಂಗನ ಬೆಟ್ಟದ ಸುತ್ತಿನ ಹೊಳೆಗಳಲ್ಲಿ ಗಾಳದ ಚರಿತ್ರೆ

ಗಾಳಕ್ಕೆ ಸಿಕ್ಕಿಸುವ ತಿನಿಸಿಗೆ ಕನ್ನಡದಲ್ಲಿ 'ಎರೆ' ಎಂಬ ಹಳೆಯ ಮಾತಿದೆ. ಎರೆಹುಳು ಎಂಬ ಹೆಸರಿನಲ್ಲಿ ಆ ಮಾತು ಇಂದಿಗೂ ಉಳಿದಿದೆ. ರೈತನ ಮಿತ್ರ ಎಂದು ನಾವು ಹೊಗಳುವ ಹುಳುವಿನ ಹೆಸರಿನೊಳಗೆ ಹೊಳೆದಂಡೆಯ ಗಾಳಗಾರನೊಬ್ಬ ಕುಳಿತಿದ್ದಾನೆ. ಒಂದು ನಾಡಿನ ಮೀನುಗಾಳದ ಚರಿತ್ರೆ ತಿಳಿಯಬೇಕಾದರೆ ಹಿಡಿದ ಮೀನಿನ ತೂಕಕ್ಕಿಂತ ಮೊದಲು ಅದರ ಎರೆ ಯಾವುದೆಂದು ಕೇಳಬೇಕು ಎಂಬುದು ಈ ಲೇಖನದ ವಾದ. ಆ ನೀರಿನಲ್ಲಿ ಏನು ಬೆಳೆಯುತ್ತದೆ, ದಡದಿಂದ ಏನು ಬೀಳುತ್ತದೆ, ದಡದ ಜನ ಏನು ಉಣ್ಣುತ್ತಾರೆ ಎಂಬುದೆಲ್ಲ ಎರೆಯಲ್ಲಿ ಇರುತ್ತದೆ.

ಇಂಗ್ಲೆಂಡಿನ ಸಣ್ಣ ನದಿಗಳ ಟ್ರೌಟ್ ಬೇಟೆಯನ್ನು ಮೊದಲು ನೋಡೋಣ. ದಕ್ಷಿಣ ಇಂಗ್ಲೆಂಡಿನ ಟೆಸ್ಟ್ ನದಿ ಸುಣ್ಣಕಲ್ಲಿನ ನೆಲದಲ್ಲಿ ಹರಿಯುತ್ತದೆ. ನೀರು ತಣ್ಣಗೆ, ತಿಳಿಯಾಗಿ, ವರ್ಷವಿಡೀ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಮೇಫ್ಲೈ ಎಂಬ ಕೀಟ ನೀರಿನಡಿಯಲ್ಲಿ ಮರಿಯಾಗಿ ಬೆಳೆದು, ಮೇಲಕ್ಕೆ ಬಂದು, ರೆಕ್ಕೆ ಒಣಗುವವರೆಗೆ ನೀರಿನ ಮೇಲೆ ತೇಲುತ್ತದೆ. ಟ್ರೌಟ್ ಮೀನು ಮೇಲೆದ್ದು ಅದನ್ನು ಕಚ್ಚುತ್ತದೆ. ಹಕ್ಕಿಯ ಪುಕ್ಕ, ರೇಷ್ಮೆ ಎಳೆ ಸುತ್ತಿ ಆ ಕೀಟದಂತೆಯೇ ಕಾಣುವ ಕೃತಕ ನೊಣವನ್ನು ಕಟ್ಟಿ, ಅದು ಒದ್ದೆಯಾಗದೆ ತೇಲುವಂತೆ ಎಸೆಯುವ ಕಲೆಗೆ 'ಡ್ರೈ ಫ್ಲೈ' ಎಂಬ ಹೆಸರು ಬಂತು. ಫ್ರೆಡರಿಕ್ ಹಾಲ್ಫೋರ್ಡ್ 1886ರಲ್ಲಿ ತೇಲುವ ನೊಣಗಳ ಕುರಿತು ಬರೆದ ಪುಸ್ತಕ ಇದಕ್ಕೆ ಶಾಸ್ತ್ರದ ಗೌರವ ಕೊಟ್ಟಿತು. ಟೆಸ್ಟ್‌ನಂಥ ನೀರು, ಮೇಫ್ಲೈಯಂಥ ಕೀಟ ಎರಡೂ ಇದ್ದದ್ದರಿಂದ ಆ ಶಾಸ್ತ್ರ ಹುಟ್ಟಿತು.

ಬ್ರಿಟಿಷರು ಈ ಮೀನನ್ನು ದಕ್ಷಿಣ ಭಾರತಕ್ಕೆ ತರಲು ಬಹಳ ಹೆಣಗಿದರು. ಮೀನುಶಾಸ್ತ್ರಜ್ಞ ಫ್ರಾನ್ಸಿಸ್ ಡೇ 1860ರ ದಶಕದಲ್ಲೇ ನೀಲಗಿರಿಗೆ ಟ್ರೌಟ್ ತರುವ ಯತ್ನ ಮಾಡಿ ಸೋತರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮದ್ರಾಸ್ ಸರ್ಕಾರದ ಮೀನುಕೃಷಿ ತಜ್ಞ ಎಚ್.ಸಿ. ವಿಲ್ಸನ್ ಅವಲಾಂಚಿಯಲ್ಲಿ ಮೊಟ್ಟೆಮನೆ ನಡೆಸಿ ಮಳೆಬಿಲ್ಲು ಟ್ರೌಟನ್ನು ನೆಲೆಗೊಳಿಸಿದರು. ಆ ಕಾಲದಲ್ಲಿ ಮದ್ರಾಸಿನ ಮೀನುಗಾರಿಕೆ ಆಡಳಿತವನ್ನು ಕಟ್ಟಿದವರು ಫ್ರೆಡರಿಕ್ ನಿಕೋಲ್ಸನ್. 1887ರ ಕೊಯಮತ್ತೂರು ಜಿಲ್ಲಾ ಕೈಪಿಡಿಯನ್ನು ಬರೆದವರೂ ಅವರೇ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು, ಅಂದರೆ ಇಂದಿನ ಹನೂರೂ ಸೇರಿದಂತೆ, ಇದೇ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಬಿಳಿಗಿರಿರಂಗನ ಬೆಟ್ಟದ ಇನ್ನೊಂದು ಮಗ್ಗುಲಿನ ಯಳಂದೂರು ಮೈಸೂರು ಸೀಮೆಯದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಬಂದ ಊರು. ಹೀಗೆ ನೀಲಗಿರಿಯಲ್ಲಿ ಟ್ರೌಟ್ ಸಾಕಿದ ಸರ್ಕಾರವೇ ಬಿಳಿಗಿರಿಯ ಪೂರ್ವದ ಕಾಡುಗಳನ್ನೂ ಆಳುತ್ತಿತ್ತು. ಆದರೂ ಟ್ರೌಟ್ ಈ ಕಡೆಗೆ ಬಂದು ನೆಲೆಸಲಿಲ್ಲ.

ಇದಕ್ಕೆ ನೀರೇ ಕಾರಣ. ಮಳೆಬಿಲ್ಲು ಟ್ರೌಟಿಗೆ ಸುಮಾರು 20 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣನೆಯ, ಆಮ್ಲಜನಕ ತುಂಬಿದ ನೀರು ಬೇಕು. ನೀಲಗಿರಿಯ ದೊಡ್ಡಬೆಟ್ಟ 2,637 ಮೀಟರ್ ಎತ್ತರದ್ದು. ಅಲ್ಲಿನ ಶೋಲಾ ಕಾಡಿನ ತೊರೆಗಳು ಬೇಸಗೆಯಲ್ಲೂ ತಂಪಾಗಿರುತ್ತವೆ. ಬಿಳಿಗಿರಿಯ ಅತಿ ಎತ್ತರದ ಕಟ್ಟಾರಿ ಬೆಟ್ಟ 1,800 ಮೀಟರಿನ ಆಸುಪಾಸಿನದು. ದೊಡ್ಡ ಸಂಪಿಗೆ ಮರದ ಬುಡದಲ್ಲಿ ಹರಿಯುವ ಭಾರ್ಗವಿಯಂಥ ತೊರೆಗಳು ಮಳೆಗಾಲದಲ್ಲಿ ಮೈತುಂಬಿ, ಫಾಲ್ಗುಣ–ಚೈತ್ರಗಳಲ್ಲಿ ಮಡುಗಳಾಗಿ ಒಡೆಯುತ್ತವೆ. ಕೆಳಗಿಳಿದಂತೆ ನೀರು ಬೆಚ್ಚಗಾಗುತ್ತದೆ. ತೇಲುವ ನೊಣದ ಶಾಸ್ತ್ರಕ್ಕೆ ಬೇಕಾದ ಹೊಳೆ ಇಲ್ಲಿಲ್ಲ.

ಗಾಳದ ಶಾಸ್ತ್ರವೇ ನಮಗೆ ಹೊರಗಿನಿಂದ ಬಂತೆಂದು ತಿಳಿಯುವವರು ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನ (ಆಳ್ವಿಕೆ 1126–1138) 'ಮಾನಸೋಲ್ಲಾಸ'ವನ್ನು ನೋಡಬೇಕು. ಆ ಸಂಸ್ಕೃತ ಗ್ರಂಥದಲ್ಲಿ 'ಮತ್ಸ್ಯವಿನೋದ' ಎಂಬ ಅಧ್ಯಾಯವೇ ಇದೆ. ಮೀನುಗಳನ್ನು ಕಡಲಿನವು–ಹೊಳೆಯವು, ಹುರುಪೆ ಇರುವವು–ಇಲ್ಲದವು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ಉಂಡೆ ಉಣಿಸಿ ಕೊಬ್ಬಿಸಬೇಕು, ಗಾಳ, ನೂಲು, ಕೋಲು ಹೇಗಿರಬೇಕು ಎಂಬುದನ್ನೆಲ್ಲ ಅದು ವಿವರಿಸುತ್ತದೆ. ಭಾರತೀಯ ಪ್ರಾಣಿ ಸರ್ವೇಕ್ಷಣೆಯ ನಿರ್ದೇಶಕರಾಗಿದ್ದ ಸುಂದರಲಾಲ್ ಹೋರಾ 1951ರಲ್ಲಿ ಈ ಅಧ್ಯಾಯವನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಇಂಗ್ಲಿಷಿನಲ್ಲಿ ಗಾಳದ ಮೊದಲ ಪುಸ್ತಕ ಅಚ್ಚಾದದ್ದು 1496ರಲ್ಲಿ. ಸೋಮೇಶ್ವರನ ಗ್ರಂಥ ಅದಕ್ಕಿಂತ ಮುನ್ನೂರೈವತ್ತು ವರ್ಷಕ್ಕೂ ಹಿಂದಿನದು. ಯಾರು ಮೊದಲು ಎಂಬ ಹೆಮ್ಮೆಗಿಂತ ನನಗೆ ಮುಖ್ಯವೆನಿಸುವುದು ಆ ಅಧ್ಯಾಯದ ಎರೆಗಳು. ಹಿಟ್ಟು, ಎಳ್ಳು, ಅನ್ನ, ಮಾಂಸ: ಅಡುಗೆಮನೆಯಿಂದ ಬಂದ ಉಂಡೆಗಳೇ ಅಲ್ಲಿ ಹೆಚ್ಚು. ಎಂಟು ಶತಮಾನಗಳ ಬಳಿಕ ಕಾವೇರಿಯ ದಡದಲ್ಲಿಯೂ ಗಾಳದ ಕೊನೆಯಲ್ಲಿ ಹಿಟ್ಟಿನ ಉಂಡೆಯೇ ಇತ್ತು.

ಈ ಕಾವೇರಿಯ ಮೀನು ಮಹಶೀರ್, ನಮ್ಮವರು ಬಿಳಿಮೀನು ಎನ್ನುವ ಜಾತಿ. ಇದನ್ನು ಬ್ರಿಟಿಷ್ ಗಾಳಗಾರರ ಲೋಕಕ್ಕೆ ಪರಿಚಯಿಸಿದ ಪುಸ್ತಕ ಹೊರಬಂದದ್ದೂ ಕನ್ನಡ ನೆಲದಿಂದಲೇ. ಮದ್ರಾಸ್ ಸಿವಿಲ್ ಸೇವೆಯ ಹೆನ್ರಿ ಸಲಿವನ್ ಥಾಮಸ್ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದು, ಅಲ್ಲಿನ ಮೀನು ಸಾಕಣೆಯ ಬಗ್ಗೆ 1870ರಲ್ಲಿ ವರದಿ ಬರೆದರು. ಅವರ 'ದ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಮಹಶೀರಿನ ಸೆಣಸಾಟ ತಮ್ಮ ದೇಶದ ಸಾಲ್ಮನ್‌ಗಿಂತ ಮಿಗಿಲು ಎಂದು ಅವರು ವಾದಿಸಿದರು. ಮನರಂಜನೆಯ ಜೊತೆಗೆ, ಹೊಳೆಗಳಲ್ಲಿ ಮರಿಮೀನುಗಳ ಸಾಮೂಹಿಕ ನಾಶವನ್ನು ತಡೆಯಬೇಕೆಂಬ ಕಾಳಜಿಯೂ ಥಾಮಸರಿಗಿತ್ತು. ಈ ಭಾಗವನ್ನು ಇಂದು ಹೆಚ್ಚಿನವರು ಮರೆತಿದ್ದಾರೆ.

ಬಿಳಿಗಿರಿಯ ನೀರೆಲ್ಲ ಕೊನೆಗೆ ಸೇರುವುದು ಕಾವೇರಿಗೆ. ದಕ್ಷಿಣದ ಕಾಡಿನಿಂದ ಇಳಿಯುವ ಸುವರ್ಣಾವತಿ, ಜನರ ಬಾಯಲ್ಲಿ ಹೊನ್ನುಹೊಳೆ, ಚಾಮರಾಜನಗರ–ಯಳಂದೂರು ಸೀಮೆಯನ್ನು ಹಾದು ಕೊಳ್ಳೇಗಾಲದ ಬಳಿ ನದಿ ಸೇರುತ್ತದೆ. ಕೊಳ್ಳೇಗಾಲ, ಹನೂರಿನ ಕಡೆ ಗುಂಡಾಲ್, ಉಡುತೊರೆಹಳ್ಳಗಳಿವೆ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮುಂದೆ ಬಂಡೆಗಳ ನಡುವೆ, ಆಳದ ಮಡುಗಳಲ್ಲಿ ಮೇಕೆದಾಟು, ಹೊಗೇನಕಲ್‌ಗಳತ್ತ ಸಾಗುತ್ತದೆ. ಇಲ್ಲಿ ಬಲದಂಡೆಯ ಕಾಡು ಕೊಳ್ಳೇಗಾಲ–ಹನೂರಿನದು, ಎಡದಂಡೆ ಮಳವಳ್ಳಿ–ಕನಕಪುರದ್ದು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಎಂಬ ಮೂರು ಹೆಸರುಗಳು ಜಗತ್ತಿನ ಗಾಳಗಾರರ ಬಾಯಿಗೆ ಬಂದದ್ದು ಈ ಎಡದಂಡೆಯಿಂದ.

ಇಲ್ಲಿನ ಎರೆ ರಾಗಿಯಾಗಿತ್ತು. ರಾಗಿಹಿಟ್ಟನ್ನು ಬೇಯಿಸಿ, ಮುದ್ದೆಗಿಂತ ಗಟ್ಟಿಯಾಗಿ ನಾದಿ, ಕೆಲವರು ಇಂಗು, ಸೋಂಪು ಸೇರಿಸಿ, ನಿಂಬೆಹಣ್ಣಿನಿಂದ ಕಿತ್ತಳೆಯಷ್ಟು ಗಾತ್ರದ ಉಂಡೆ ಕಟ್ಟಿ ಗಾಳದ ಸುತ್ತ ಒತ್ತುತ್ತಿದ್ದರು. ನೂಲಿಗೆ ಸೀಸದ ತೆಳುಪಟ್ಟಿ ಸುತ್ತಿ, ದಡದಿಂದಲೋ ತೆಪ್ಪದಿಂದಲೋ ಸೆಳವಿನ ಅಂಚಿಗೆ ಎಸೆಯುತ್ತಿದ್ದರು. ಉಂಡೆ ತಳಕ್ಕಿಳಿದು ಬಂಡೆಗಳ ಸಂದಿಯಲ್ಲಿ ಕೂರುತ್ತಿತ್ತು. ಮಹಶೀರಿಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿವೆ. ಏಡಿಯನ್ನು ಪುಡಿಮಾಡುವಷ್ಟು ಬಲ ಅವಕ್ಕಿದೆ. ಆದ್ದರಿಂದ ಏಡಿಯೂ ಒಳ್ಳೆಯ ಎರೆಯೇ. ಟ್ರೌಟ್ ಗಾಳಗಾರ ಮೀನಿನ ಕಣ್ಣನ್ನು ಮೋಸಗೊಳಿಸುತ್ತಾನೆ. ನಮ್ಮ ಗಾಳಗಾರ ಮೀನಿಗೆ ನಿಜವಾದ ಊಟವನ್ನೇ ಕೊಡುತ್ತಾನೆ, ಅದೂ ತಾನು ಮಧ್ಯಾಹ್ನ ಉಂಡ ಊಟವನ್ನು. ಕೃತಕ ನೊಣದ ಮುಂದೆ ಇದು ಒರಟು ವಿದ್ಯೆ ಎಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಕಲಕಿದ ನೀರಿನ ಕಲ್ಲುಹೊಳೆಯಲ್ಲಿ ತಳದ ಕಲ್ಲುಗಳನ್ನು ನೂಲಿನ ನಡುಕದಿಂದಲೇ ಬೆರಳಲ್ಲಿ ಓದುವುದು ಸಣ್ಣ ಕಲೆಯಲ್ಲ.

ಹಾಗಾದರೆ ನಮ್ಮ ಹೊಳೆಗಳಲ್ಲಿ ಮೇಲೆದ್ದು ತಿನ್ನುವ ಮೀನೇ ಇಲ್ಲವೆ? ಇದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ದೇವರ ಮೀನುಗಳಿಗೆ ಭಕ್ತರು ಪುರಿ ಎಸೆಯುತ್ತಾರೆ. ಪುರಿ ತೇಲುತ್ತದೆ, ಮಹಶೀರುಗಳು ಬಾಯಿ ತೆರೆದು ಮೇಲೆದ್ದು ಅದನ್ನು ನುಂಗುತ್ತವೆ. ಶೃಂಗೇರಿಯ ತುಂಗೆಯಲ್ಲಿಯೂ, ಶಿಶಿಲದ ಕಪಿಲೆಯಲ್ಲಿಯೂ ಹೀಗೆಯೇ. ಕಾಡಿನ ಹೊಳೆಯಲ್ಲಿ ಆ ಪುರಿಯ ಜಾಗದಲ್ಲಿ ದಡದ ಅತ್ತಿ, ನೇರಳೆ ಮರಗಳಿಂದ ಬೀಳುವ ಹಣ್ಣು ಇರುತ್ತದೆ. 1849ರಲ್ಲಿ ಜೆರ್ಡನ್ ಹೆಸರಿಟ್ಟ ಕರ್ನಾಟಿಕ್ ಕಾರ್ಪ್ ಎಂಬ ದೊಡ್ಡ ಗೆಂಡೆಯೂ ಹಣ್ಣು ತಿನ್ನುವ ಮೀನೇ. ಬೆಟ್ಟದ ತೊರೆಗಳಲ್ಲಿ ಮೈಮೇಲೆ ನೀಲಿಪಟ್ಟಿಗಳಿರುವ ಬ್ಯಾರಿಲಿಯಸ್ ಜಾತಿಯ ಗೇಣುದ್ದಕ್ಕೂ ಕಡಿಮೆಯ ಮೀನುಗಳು ನೀರಿನ ಮೇಲೆ ಬಿದ್ದ ಕೀಟಕ್ಕೆ ಥಟ್ಟನೆ ಹಾರುತ್ತವೆ. ಇವುಗಳ ನೆಂಟ ಮೀನುಗಳನ್ನು ಬ್ರಿಟಿಷ್ ಗಾಳಗಾರರು 'ಭಾರತದ ಟ್ರೌಟ್' ಎಂದೇ ಕರೆದರು. ತೇಲುವ ಎರೆ ಈ ನೆಲದಲ್ಲಿಯೂ ಇತ್ತು. ಇಲ್ಲಿ ಅದಕ್ಕೆ ನೊಣದ ರೂಪಕ್ಕಿಂತ ಹಣ್ಣಿನ ರೂಪ ಹೆಚ್ಚು.

ಗಾಳ ಮಾತ್ರವೇ ಇಲ್ಲಿನ ವಿದ್ಯೆಯಾಗಿರಲಿಲ್ಲ. ಬೀಸುಬಲೆ, ಬಿದಿರಿನ ಕೂಳಿ, ಬೇಸಗೆಯ ಮಡುವಿಗೆ ಕಾರೆಕಾಯಿ ಜಜ್ಜಿ ಹಾಕಿ ಮೀನನ್ನು ಮಂಕಾಗಿಸುವ ಕ್ರಮ ಕನ್ನಡ ನಾಡಿನ ಕಾಡಂಚಿನಲ್ಲೆಲ್ಲ ಇದ್ದವು. ಇವು ಒಂದು ಮನೆಯ ಸಾರಿಗೆ ಸಾಕಾಗುವಷ್ಟು ಹಿಡಿದವು. ಹೊಳೆಯನ್ನು ಬರಿದು ಮಾಡಿದ್ದು ಕಲ್ಲುಕ್ವಾರಿಯಿಂದ ಬಂದ ಸಿಡಿಮದ್ದು. ಒಂದು ತೋಟೆಗೆ ಮಡುವಿನ ದೊಡ್ಡ ಮೀನೂ ಸಾಯುತ್ತದೆ, ಮೊಟ್ಟೆಯೊಡೆದ ಮರಿಯೂ ಸಾಯುತ್ತದೆ.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ, ಸುಮಾರು 54 ಕೆ.ಜಿ. ತೂಕದ ಮಹಶೀರ್ ಹಿಡಿದರು. ಸ್ವಾತಂತ್ರ್ಯಾನಂತರ ಹೊರಜಗತ್ತು ಈ ಮೀನನ್ನು ಮುಗಿದ ಕತೆ ಎಂದುಕೊಂಡಿತ್ತು. 1972ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ವನ್ಯಜೀವಿ ಸಂಘ ಹುಟ್ಟಿ, ನದಿಯ ಒಂದು ಭಾಗವನ್ನು ವಹಿಸಿಕೊಂಡು ಕಾವಲು ಹಾಕಿತು. 1977–78ರಲ್ಲಿ ಬಂದ ಇಂಗ್ಲಿಷ್ ತರುಣರ ತಂಡವೊಂದು ಕಾವೇರಿಯಲ್ಲಿ ದೈತ್ಯ ಮೀನುಗಳು ಇನ್ನೂ ಇವೆಯೆಂದು ತೋರಿಸಿತು. 1980ರಲ್ಲಿ ಸ್ಥಾಪನೆಯಾದ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್ ಮುಂದೆ ಇಲ್ಲಿ ಶಿಬಿರಗಳನ್ನು ನಡೆಸಿತು. ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ನೀರಿಗೆ ಬಿಡುವುದು ನಿಯಮವಾಯಿತು. ನಿನ್ನೆಯವರೆಗೆ ತೋಟೆ ಹಾಕುತ್ತಿದ್ದ ಕೆಲವು ಊರವರೇ ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಸಂಬಳ ಪಡೆದರು. 1987ರಲ್ಲಿ ಈ ಕಣಿವೆ ಕಾವೇರಿ ವನ್ಯಜೀವಿ ಧಾಮವಾಯಿತು.

ಗಾಳಿಬೋರೆಯ ಲೆಕ್ಕದ ಪುಸ್ತಕಗಳು ಆಮೇಲೆ ವಿಜ್ಞಾನಕ್ಕೆ ದೊಡ್ಡ ಆಸ್ತಿಯಾದವು. 1998ರಿಂದ 2012ರವರೆಗೆ ಸುಮಾರು 23,600 ಗಂಟೆಗಳ ಗಾಳದಲ್ಲಿ 6,161 ಮಹಶೀರುಗಳನ್ನು ಹಿಡಿದು ಬಿಟ್ಟ ದಾಖಲೆ ಅವುಗಳಲ್ಲಿತ್ತು. ಅತಿ ದೊಡ್ಡದು 46.8 ಕೆ.ಜಿ. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ರಾಬರ್ಟ್ ಬ್ರಿಟನ್ 2015ರಲ್ಲಿ ಇದನ್ನು ವಿಶ್ಲೇಷಿಸಿದಾಗ ಸಂತೋಷ, ಆಘಾತ ಎರಡೂ ಒಟ್ಟಿಗೆ ಹೊರಬಂದವು. ಮೀನಿನ ಸಂಖ್ಯೆ ಏರಿತ್ತು, ಕಾವಲು ಫಲಿಸಿತ್ತು. ಆದರೆ ಏರಿದ್ದು ನೀಲಿ ರೆಕ್ಕೆಯ ಮಹಶೀರ್. ಪುಣೆ ಬಳಿಯ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಮೊಟ್ಟೆಮನೆಯಿಂದ ಬಂದ ಮರಿಗಳನ್ನು ಸದುದ್ದೇಶದಿಂದಲೇ ಕಾವೇರಿಗೆ ಬಿಡಲಾಗಿತ್ತು. ಕಾವೇರಿಯದೇ ಆದ, ಹೊನ್ನಿನ ಬಣ್ಣದ, ಬೆನ್ನುಬ್ಬಿದ ಮಹಶೀರ್ ಮಾತ್ರ ಬಲೆಗೂ ಗಾಳಕ್ಕೂ ಸಿಗದಂತೆ ಕಡಿಮೆಯಾಗುತ್ತ ಬಂದಿತ್ತು, ಅದರ ಮರಿಗಳು ಕಾಣುವುದೇ ನಿಂತಿತ್ತು.

ಆ ಮೀನಿಗೆ ಆಗ ಒಂದು ಖಚಿತ ಶಾಸ್ತ್ರೀಯ ಹೆಸರೂ ಇರಲಿಲ್ಲ. ನೂರೈವತ್ತು ವರ್ಷ ಗಾಳಗಾರರು ಕೊಂಡಾಡಿದ ಮೀನನ್ನು ಶಾಸ್ತ್ರ ಬೇರೆ ಮೀನಿನ ಹೆಸರಿನಲ್ಲಿ ಬರೆದುಕೊಂಡಿತ್ತು. ಅದಕ್ಕೂ ಮೊದಲೇ ಕಾವೇರಿ ಕೊಳ್ಳಕ್ಕೆ ಸೇರಿದ ಕೇರಳದ ಪಾಂಬಾರ್ ಹೊಳೆಯ ಮೀನೊಂದಕ್ಕೆ ವಿಜ್ಞಾನಿ ಕೆ. ರೆಮಾದೇವಿಯವರ ಗೌರವಾರ್ಥ 'ಟಾರ್ ರೆಮಾದೇವಿ' ಎಂದು ಹೆಸರಿಟ್ಟಿದ್ದರು. ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳ ಆಧಾರದಿಂದ, ಬೆನ್ನುಬ್ಬಿದ ಮಹಶೀರ್ ಇದೇ ಎಂದು 2018ರಲ್ಲಿ ಸಾಬೀತಾಯಿತು. ಅದೇ ವರ್ಷ ಅದು ಅಳಿವಿನ ತೀವ್ರ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೆ ಸೇರಿತು.

ಮೀನು ಹಿಡಿಯುವುದೂ ಬೇಟೆಯೇ ಎಂಬ ಕಾನೂನಿನ ಅರ್ಥ ಬಲಗೊಂಡು 2012ರ ಹೊತ್ತಿಗೆ ಧಾಮದೊಳಗಿನ ಗಾಳ ನಿಂತಿತು. ಕಾನೂನಿನ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಅಂದೇ ಲೆಕ್ಕದ ಪುಸ್ತಕವೂ ಮುಚ್ಚಿತು ಎಂಬುದು ನನ್ನ ದುಃಖ. ಆ ಲೆಕ್ಕವೂ ದೊಡ್ಡ ನದಿಯದೇ ಆಗಿತ್ತು, ಸಣ್ಣ ಹೊಳೆಗಳದ್ದಲ್ಲ. ಮಹಶೀರ್ ಮಳೆಗಾಲದ ಹೊಸ ನೀರಿನಲ್ಲಿ ಮೇಲೇರಿ, ಕೂಡುಹೊಳೆಗಳ ಜಲ್ಲಿಯಲ್ಲಿ ಮೊಟ್ಟೆಯಿಡುವ ಮೀನು. 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟು ಕೆಳಗಿನ ದಾರಿಯನ್ನು ಕಟ್ಟಿತು. ಸುವರ್ಣಾವತಿ, ಗುಂಡಾಲ್, ಉಡುತೊರೆಹಳ್ಳಗಳ ಜಲಾಶಯಗಳು ಬಿಳಿಗಿರಿಯ ಕಡೆಯ ಸಣ್ಣ ದಾರಿಗಳನ್ನು ಕಟ್ಟಿದವು.

ಬಿಳಿಗಿರಿ ಬೆಟ್ಟದ ಕಾಡಿನ ಮೇಲೆ ಇಲ್ಲಿನ ಆದಿವಾಸಿಗಳಾದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕುಗಳು ಸಿಕ್ಕಿವೆ. ಯಾವ ಮಡುವಿನಲ್ಲಿ ಯಾವ ಮೀನು ಯಾವ ತಿಂಗಳು ಏರುತ್ತಿತ್ತು, ಅದನ್ನು ಏನೆಂದು ಕರೆಯುತ್ತಿದ್ದರು ಎಂಬುದನ್ನು ಬಲ್ಲ ಹಿರಿಯರು ಸೋಲಿಗರ ಊರುಗಳಾದ ಪೋಡುಗಳಲ್ಲಿದ್ದಾರೆ, ಕೊಳ್ಳೇಗಾಲದ ನದಿದಂಡೆಯ ಬೆಸ್ತರ ಕೇರಿಗಳಲ್ಲಿದ್ದಾರೆ. ಮೀನುಗಾರಿಕೆ ಇಲಾಖೆ, ಅರಣ್ಯ ಇಲಾಖೆ, ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ಮತ್ತು ಪ್ರಾಣಿಶಾಸ್ತ್ರ ವಿಭಾಗಗಳು ಕೂಡಿ, ಅವರನ್ನೇ ಜೊತೆಗಿಟ್ಟುಕೊಂಡು, ಈ ಸಣ್ಣ ಹೊಳೆಗಳ ಮೀನಿನ ಲೆಕ್ಕವನ್ನು ಮುಂದಿನ ಮಳೆಗಾಲದಿಂದಲೇ ಕನ್ನಡದಲ್ಲಿ ಬರೆಯತೊಡಗಬೇಕೆಂದು ವಿನಂತಿಸುತ್ತೇನೆ.